ಸಣ್ಣ ಸೊಂಟದ ಸ್ಪೀಕರುಗಳು

ಮಗಳ ಹದಿನೈದನೇ ಹುಟ್ಟುಹಬ್ಬದ ನೃತ್ಯ ತನ್ನ ಅಂಗಳದಲ್ಲಿ, ತನ್ನದೇ ಸ್ಪೀಕರಿನ ಸಂಗೀತಕ್ಕೆ, ಸಭ್ಯರ ಕಿವಿಗೆ ಒಪ್ಪುವಂತೆ ನಡೆಯಬೇಕು. ಎದುರು ಮನೆಯ ಕತ್ತೆಯ ನೆರಳೂ ಅದರ ಮೇಲೆ ಬೀಳಕೂಡದು ಎಂದು ದರ್ಜಿ ನಿಕಾನೋರ್ ಘೋರ ಶಪಥ ಮಾಡಿದ. ಆಗ ಅವನ ತುಟಿಗಳ ನಡುವೆ ಐದು ಗುಂಡುಸೂಜಿಗಳಿದ್ದುದರಿಂದ ಶಪಥ ಯಾರಿಗೂ ಸರಿಯಾಗಿ ಕೇಳಿಸಲಿಲ್ಲ. ಹೆಂಡತಿ ಒಡಿಲಿಯಾ ಎರಡು ಸಲ ಹೇಳಿಸಿದಳು. ಮುಂದೆ ಆಗಲಿದ್ದುದಕ್ಕೆಲ್ಲ ಅದೇ ಮುನ್ಸೂಚನೆಯಾಗಿತ್ತು, ಆದರೆ ಅಂಥದ್ದನ್ನೆಲ್ಲ ಗಮನಿಸುವ ಸ್ವಭಾವ ನಿಕಾನೋರನದಲ್ಲ.

ಕತ್ತೆ ಎಂದರೆ ನಾಲ್ಕು ಕಾಲಿನದಲ್ಲ. ಕರಾವಳಿಯ ಊರು ಬರಾನ್ಕಿಯಾದ ಯಾವ ಕೇರಿಗೆ ಹೋದರೂ ಒಂದು ಪಿಕೊ ಇದ್ದೇ ಇರುತ್ತದೆ: ಬೀರುವಿನಷ್ಟು ಎತ್ತರದ ಸ್ಪೀಕರ್ ಪೆಟ್ಟಿಗೆ, ಮುಖದ ತುಂಬ ಬಣ್ಣದ ಚಿತ್ರ, ಚಿತ್ರಕ್ಕೊಂದು ಹೆಸರು. ಎದುರು ಮನೆಯ ಅಗಾಪಿತೋನ ಪಿಕೊ ಮೇಲೆ ಹಸಿರು ಕತ್ತೆಯೊಂದು ಕೆಂಡದಂಥ ಕಣ್ಣು ಬಿಟ್ಟುಕೊಂಡು, ಬಾಯಲ್ಲಿ ಥರ್ಮಾಮೀಟರ್ ಇಟ್ಟುಕೊಂಡು ನಿಂತಿತ್ತು. ಹೆಸರು 'ಜ್ವರದ ಕತ್ತೆ'. ಶನಿವಾರ ಬಂತೆಂದರೆ ಅದು ಬಾಗಿಲಿಗೆ ಬರುತ್ತಿತ್ತು, ಬೀದಿಯೇ ಕುಣಿಯುತ್ತಿತ್ತು. ನಿಕಾನೋರನ ಹೊಲಿಗೆ ಮಿಷನ್ನೂ ಕುಣಿಯುತ್ತಿತ್ತು. ಒಂದು ಶನಿವಾರ ನೋಟರಿಯೊಬ್ಬರ ಪ್ಯಾಂಟಿನ ಜೇಬು ಮೊಣಕಾಲಿಗೆ ಇಳಿದುಬಿಟ್ಟಾಗ ನಿಕಾನೋರ್ ಕೇರಿಯ ಸಮಿತಿಗೆ ಎರಡು ಪುಟದ ಅರ್ಜಿ ಬರೆದು, ಹನ್ನೊಂದು ಜನರ ಸಹಿ ಹಾಕಿಸಿ ಕೊಟ್ಟ. ಕತ್ತೆ ಇನ್ನು ಮುಂದೆ ಬೀದಿಗೆ ಬರಕೂಡದೆಂದು ಸಮಿತಿ ಅಪ್ಪಣೆ ಮಾಡಿತು.

ಅಗಾಪಿತೊ ಜಗಳಕ್ಕೆ ಬರಲಿಲ್ಲ. ಕತ್ತೆಯ ಆಂಪ್ಲಿಫೈಯರನ್ನು ಬಿಚ್ಚಿ ಕಾರ್ತಾಹೇನಾದ ಷಡ್ಡಕನಿಗೆ ಕೊಟ್ಟುಬಿಟ್ಟ, ಕತ್ತೆಗೆ ಟಾರ್ಪಾಲು ಹೊದಿಸಿದ, ಮಾತು ಬಿಟ್ಟ. ಆರು ತಿಂಗಳಾಯಿತು. ಒಡಿಲಿಯಾ ಮಾತ್ರ ಗುರುವಾರ ಸಾರು ಮಾಡಿದಾಗ ಎಂದಿನಂತೆ ಒಂದು ಬಟ್ಟಲು ಆ ಮನೆಗೂ ಕಳಿಸುತ್ತಿದ್ದಳು.

ಈಗ ಮಗಳು ಯುರಾನಿಸಳಿಗೆ ಹದಿನೈದು. ಅಲ್ಲಿನ ಪದ್ಧತಿಯಂತೆ ಅಪ್ಪ ಮಂಡಿಯೂರಿ ಮಗಳ ಕಾಲಿಗೆ ಅವಳ ಮೊದಲ ಎತ್ತರ ಹಿಮ್ಮಡಿಯ ಶೂ ತೊಡಿಸಿ, ಎಲ್ಲರೆದುರು ಅವಳೊಂದಿಗೆ ವಾಲ್ಟ್ಸ್ ಕುಣಿಯಬೇಕು. ನಾಲ್ಕೇ ನಿಮಿಷ. ಆದರೆ ಹುಡುಗಿಯರು ಜೀವಮಾನವಿಡೀ ಆ ನಾಲ್ಕು ನಿಮಿಷದ ಫೋಟೊ ತೋರಿಸುತ್ತಾರೆ.

ಸಂಗೀತಕ್ಕೆ ನಿಕಾನೋರನ ಬಳಿ ಒಂದು ಆಸ್ತಿ ಇತ್ತು. ಅವನ ಧರ್ಮಪಿತ ಸಾಯುವಾಗ ಬಿಟ್ಟುಹೋದ, ದೀಪದಂಥ ವಾಲ್ವುಗಳು ಹೊಳೆಯುವ ಆರು ವಾಟಿನ ಹಳೇ ಆಂಪ್ಲಿಫೈಯರ್. ಅದಕ್ಕೆ ತಕ್ಕ ಸ್ಪೀಕರ್ ತರಲು ಪೇಟೆಗೆ ಹೋದ. ಅಂಗಡಿಯವನು ಪುಟ್ಟದೊಂದು ಜೋಡಿ ತೋರಿಸಿ, "ಆಂಪ್ಲಿಫೈಯರ್ ಎಷ್ಟು ವಾಟಿಂದು?" ಎಂದು ಕೇಳಿದ.

"ಆರು."

"ಆರಾ? ಸರ್, ಇದರ ಸೆನ್ಸಿಟಿವಿಟಿ ಎಂಬತ್ತಮೂರು ಡೆಸಿಬೆಲ್. ಒಂದು ವಾಟು ಕೊಟ್ಟರೆ ಎಷ್ಟು ಜೋರು ಕೂಗುತ್ತೆ ಅಂತ ಒಂದು ಮೀಟರ್ ದೂರದಲ್ಲಿ ನಿಂತು ಅಳೆದದ್ದು. ಆರು ವಾಟಿಗೆ ಇದು ಸ್ವಲ್ಪ..."

"ತಮ್ಮಾ," ನಿಕಾನೋರ್ ಕತ್ತಿನಲ್ಲಿದ್ದ ಟೇಪನ್ನು ಜನಿವಾರದಂತೆ ಎಳೆದು ತೋರಿಸಿದ, "ಮೂವತ್ತು ವರ್ಷದಿಂದ ಅಳತೆ ತಗೊಂಡೇ ಅನ್ನ ತಿಂತಿದೀನಿ. ನನಗೆ ಅಳತೆ ಹೇಳ್ಕೊಡ್ಬೇಡ. ಕಟ್ಟು."

ಮನೆಯಲ್ಲಿ ಪೆಟ್ಟಿಗೆ ಬಿಚ್ಚಿದಾಗ ಒಡಿಲಿಯಾ ಸೊಂಟದ ಮೇಲೆ ಕೈಯಿಟ್ಟುಕೊಂಡು ನೋಡಿದಳು.

"ಶೂ ಇವತ್ತೇ ತಂದ್ಯಾ?"

"ಸ್ಪೀಕರ್ ಕಣೇ."

"ಓ. ಸ್ಪೀಕರ್ ಇದರೊಳಗಿದೆಯಾ?"

"ಇದೇ ಸ್ಪೀಕರು. ಎಂಬತ್ತಮೂರು. ನೋಡು, ಎಷ್ಟು ಸಣ್ಣ ಸೊಂಟ. ಆ ಅಗಾಪಿತೊ ತನ್ನ ಕತ್ತೆ ನೂರೊಂದು, ನೂರೊಂದು ಅಂತ ಊರೆಲ್ಲ ಹೇಳ್ಕೊಂಡು ತಿರುಗ್ತಿದ್ದ. ನೂರೊಂದು ಅಂದ್ರೆ ಡೊಳ್ಳು ಹೊಟ್ಟೆ. ಅಂಥೋರಿಗೆ ಬೆಲ್ಟೇ ಸಿಗಲ್ಲ."

"ಹೆಚ್ಚಿದ್ರೆ ಒಳ್ಳೇದಲ್ವಾ?"

"ಹದಿನೆಂಟು ವ್ಯತ್ಯಾಸ ಏನು ಮಹಾ? ಒಂದು ಗೇಣೂ ಇಲ್ಲ. ವಾಲ್ಯೂಮ್ ಸ್ವಲ್ಪ ತಿರುಗಿಸಿದ್ರೆ ಆಯ್ತು."

ಹೊಲಿಗೆ ಕೋಣೆಯಲ್ಲಿ ಬಾಗಿಲು ಮುಚ್ಚಿ, ಮಿಷನ್ ನಿಲ್ಲಿಸಿ, ಸ್ಪೀಕರಿಗೆ ಮೂಗು ತಾಗುವಷ್ಟು ಹತ್ತಿರ ಕೂತು ಕೇಳಿದಾಗ ಸಂಗೀತ ನಿಜಕ್ಕೂ ಸ್ವರ್ಗದಂತಿತ್ತು. ಯುರಾನಿಸ್ ಕೂಡ ಕೇಳಿದಳು.

"ಚೆನ್ನಾಗಿದೆ ಪಪ್ಪಾ. ಅಂಗಳದಲ್ಲೂ ಕೇಳ್ಸುತ್ತೆ ತಾನೇ? ನನ್ನ ಕ್ಲಾಸಿನೋರೆಲ್ಲ ಬರ್ತಾರೆ."

"ಅಂಗಳದಲ್ಲಿ ಗಾಳಿ ಬೇರೆ ಇರುತ್ತೆ ಮಗಳೇ. ಇನ್ನೂ ಚೆನ್ನಾಗಿ ಕೇಳ್ಸುತ್ತೆ."

ಭಾನುವಾರ ಸಂಜೆ ಐದಕ್ಕೆ ಎಪ್ಪತ್ತು ಜನ ಬಂದರು. ನಿಕಾನೋರನೇ ಹೊಲಿದ ಆಕಾಶನೀಲಿ ಗೌನಿನಲ್ಲಿ ಯುರಾನಿಸ್ ಕುರ್ಚಿಯ ಮೇಲೆ ಕೂತಿದ್ದಳು. ಅವನು ಮಂಡಿಯೂರಿ ಬಲಗಾಲಿಗೆ ಶೂ ತೊಡಿಸಿ, ಗಂಭೀರವಾಗಿ ಕೈ ಎತ್ತಿದ. ಒಡಿಲಿಯಾ ಸಂಗೀತ ಹಾಕಿದಳು.

ಏನೂ ಆಗಲಿಲ್ಲ. ಅಂದರೆ ಆಗುತ್ತಿತ್ತು, ಯಾರಿಗೂ ಕೇಳಿಸುತ್ತಿರಲಿಲ್ಲ. ಎಪ್ಪತ್ತು ಜನರ ಮಾತಿನಲ್ಲಿ ಆ ವಾಲ್ಟ್ಸ್ ಸಮುದ್ರಕ್ಕೆ ಬಿದ್ದ ಗುಂಡಿಯಂತೆ ಕಾಣೆಯಾಗಿತ್ತು.

"ವಾಲ್ಯೂಮ್ ಜಾಸ್ತಿ ಮಾಡು."

"ಮಾಡಿದೀನಿ. ಕೊನೇಲಿದೆ. ಪಿಟೀಲು ನೆಗಡಿ ಬಂದೋರ ಥರ ಮೂಗಲ್ಲಿ ಹಾಡ್ತಿದೆ."

ನಿಕಾನೋರ್ ಎದ್ದು ನಿಂತು, ದಯವಿಟ್ಟು ಎಲ್ಲರೂ ಮಾತು ನಿಲ್ಲಿಸಬೇಕೆಂದು ಕೋರಿದ. ನಿಲ್ಲಿಸಿದರು. ಆಗ ಮೂಲೆಯಲ್ಲಿ ಡಾಮಿನೊ ಆಡುವವರು ಬಿಲ್ಲೆ ಕುಟ್ಟುವ ಸದ್ದು ಕೇಳಿಸಿತು. ಅವರನ್ನು ನಿಲ್ಲಿಸಿದ. ಮೆಕ್ಕೆಜೋಳದ ಅರೇಪಾ ರೊಟ್ಟಿ ಕರಿಯುವ ಬಾಣಲೆ ಚುಂಯ್‌ಗುಡುತ್ತಿತ್ತು. ಒಲೆ ಆರಿಸಿದ. ಇನ್ನುಳಿದದ್ದು ನಾಲ್ಕು ದೊಡ್ಡ ಫ್ಯಾನು. ಅವನ್ನೂ ಆರಿಸಿದ. ಆ ಊರಿನ ಸೆಕೆಯಲ್ಲಿ ಫ್ಯಾನ್ ಆರಿಸಿದ ಯಜಮಾನನನ್ನು ಎಪ್ಪತ್ತು ಜನ ಹೇಗೆ ನೋಡಬೇಕೋ ಹಾಗೆ ನೋಡಿದರು. ಎರಡು ನಿಮಿಷದಲ್ಲಿ ಹೆಂಗಸರೆಲ್ಲ ಬೀಸಣಿಗೆ ಬಿಚ್ಚಿ ಪಟಪಟ ಬೀಸತೊಡಗಿದರು. ಬೀಸಣಿಗೆಯನ್ನೂ ನಿಲ್ಲಿಸಬೇಕೆಂದು ಕೋರಿದಾಗ ಅತ್ತೆ ಬಾಯಿಬಿಟ್ಟರು.

"ಉಸಿರಾಡಬಹುದಾ ಅಳಿಯಂದಿರೇ, ಇಲ್ಲ ಅದಕ್ಕೂ ಅರ್ಜಿ ಕೊಟ್ಟಿದೀರಾ?"

ಬೆವರಿಳಿಸುತ್ತ, ಬಾಯಿ ಬಿಗಿದುಕೊಂಡು, ಸಾವಿನ ಮನೆಯಂತೆ ಕೂತ ಎಪ್ಪತ್ತು ಜನರ ನಡುವೆ ನಿಕಾನೋರ್ ವಾಲ್ಟ್ಸನ್ನು ಮೊದಲಿಂದ ಹಾಕಿಸಿ, ಮಗಳ ಕೈ ಹಿಡಿದು ಹೆಜ್ಜೆ ಹಾಕಿದ. ಕೇಳಿಸಿದ್ದು ಅವನ ಹೊಸ ಶೂಗಳ ಕಿರುಗುಟ್ಟುವಿಕೆ ಮಾತ್ರ.

"ಪಪ್ಪಾ," ಯುರಾನಿಸ್ ಪಿಸುಗುಟ್ಟಿದಳು, "ಯಾವಾಗ ಶುರುವಾಗುತ್ತೆ?"

"ಅರ್ಧ ಮುಗೀತು ಪುಟ್ಟಾ."

ಅವಳು ತಿರುಗಿ ನೋಡಿದಳು. ಹಿಂದಿನ ಸಾಲಿನಲ್ಲಿ ಕ್ಲಾಸಿನ ಹುಡುಗಿಯರು ಒಬ್ಬರ ಬೆನ್ನಿಗೊಬ್ಬರು ಮುಖ ಹುದುಗಿಸಿ ನಗುತ್ತಿದ್ದರು. ನಿಕಾನೋರನ ಎದೆಯಲ್ಲಿ ಯಾವುದೋ ಹೊಲಿಗೆ ಪರ್ರನೆ ಬಿಚ್ಚಿಕೊಂಡಿತು. ಅವನು ಮಗಳ ಕೈ ಬಿಟ್ಟು, ನೆಟ್ಟಗೆ ಬೀದಿ ದಾಟಿದ.

ಅಗಾಪಿತೊ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ತನ್ನ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡಿದ್ದ. ಒಡಿಲಿಯಾ ಕರೆದಿದ್ದಳು, ಯಜಮಾನ ಕರೆದಿರಲಿಲ್ಲ. ಬೀದಿಯ ಈ ಕಡೆಯಿಂದಲೇ ಸಮಾರಂಭದಲ್ಲಿ ಭಾಗವಹಿಸುತ್ತಿದ್ದ.

"ಅಗಾಪಿತೊ ಅಣ್ಣ," ನಿಕಾನೋರ್ ಟೇಪನ್ನು ಹಿಂಡುತ್ತ ಹೇಳಿದ, "ನಿಮ್ಮ ಕತ್ತೆ ಬೇಕಿತ್ತು."

"ಪ್ರಾರ್ಥನೆ ಮುಗೀತಾ? ಅಷ್ಟು ಶಾಂತಿ ನೋಡಿ ನಾನೂ ಟೋಪಿ ತೆಗ್ದೆ."

"ಪ್ರಾರ್ಥನೆಯಲ್ಲ. ವಾಲ್ಟ್ಸ್."

ಅಗಾಪಿತೊ ಎದ್ದು ಹಸಿರು ಟಾರ್ಪಾಲನ್ನು ಎಳೆದು ತೆಗೆದ. "ಕತ್ತೆ ಇದೆ, ಅದಕ್ಕೆ ಉಸಿರಿಲ್ಲ. ಆಂಪ್ಲಿಫೈಯರ್ ಕೊಟ್ಬಿಟ್ಟೆನಲ್ಲ. ನಿಮ್ಮ ಹತ್ರ ಇದೆಯಲ್ಲ, ಅದನ್ನೇ ತಗುಲಿಸೋಣ."

"ಅದು ಆರೇ ವಾಟು. ಎಂಬತ್ತಮೂರರ ಆ ಎರಡು ಸಣ್ಣ ಸೊಂಟದ ಡಬ್ಬಾನೇ ಅಲ್ಲಾಡಿಸೋಕಾಗಲಿಲ್ಲ. ಈ ಬೀರು ಎಲ್ಲಿ ಅಲ್ಲಾಡೀತು?"

"ನಿಮ್ಮ ಲೆಕ್ಕದಲ್ಲೇ ಹೇಳ್ತೀನಿ ಕೇಳಿ. ಸೊಂಟ ಮೂರು ಸೆಂಟಿಮೀಟರ್ ಹೆಚ್ಚಾದ್ರೆ ಬಟ್ಟೆ ಎಷ್ಟು ಹೆಚ್ಚು ಬೇಕು?"

"ಏನೂ ಬೇಡ. ಒಳಗಡೆ ಬಿಟ್ಟಿರೋದನ್ನೇ ಬಿಚ್ಚಿಕೊಡ್ತೀನಿ."

"ಡೆಸಿಬೆಲ್ ಟೇಪಲ್ಲಿ ಹಾಗಲ್ಲ. ಮೂರು ಗೆರೆ ಮೇಲೆ ಹೋಗೋಕೆ ಎರಡರಷ್ಟು ಬಟ್ಟೆ. ಇನ್ನು ಮೂರು ಗೆರೆಗೆ ಅದರ ಎರಡರಷ್ಟು. ಎಂಬತ್ತಮೂರರಿಂದ ನೂರೊಂದಕ್ಕೆ ಆರು ಸಲ ದುಪ್ಪಟ್ಟು. ಎಣಿಸಿ."

ನಿಕಾನೋರ್ ಬೆರಳು ಮಡಚಿದ. ಎರಡು, ನಾಲ್ಕು, ಎಂಟು, ಹದಿನಾರು, ಮೂವತ್ತೆರಡು, ಅರವತ್ತನಾಲ್ಕು. ಮೂವತ್ತು ವರ್ಷದ ಅಳತೆಯ ಅಹಂಕಾರ ಆರು ಬೆರಳಿಗೆ ಮುಗಿದುಹೋಯಿತು.

"ಅರವತ್ತನಾಲ್ಕು ಪಟ್ಟು?"

"ನನ್ನ ಕತ್ತೆ ಆರು ವಾಟಿಗೆ ಕೂಗೋದನ್ನ ನಿಮ್ಮ ಸಣ್ಣ ಸೊಂಟದೋರು ಕೂಗ್ಬೇಕಾದ್ರೆ ಮುನ್ನೂರ ಎಂಬತ್ತನಾಲ್ಕು ವಾಟು ಬೇಕು ಸ್ವಾಮಿ. ಅಷ್ಟು ಕೊಟ್ರೆ ಕೂಗೋದಿಲ್ಲ, ಹೊಗೆಯಾಡ್ತಾವೆ."

ಎಂಟು ಜನ ಕೈಕೊಟ್ಟು ಕತ್ತೆಯನ್ನು ಬೀದಿ ದಾಟಿಸಿದರು. ಬಣ್ಣದ ಕಾಗದದ ಹೂವುಗಳ ನಡುವೆ, ನೀಲಿ ಗೌನಿನ ಪಕ್ಕದಲ್ಲಿ, ಥರ್ಮಾಮೀಟರ್ ಕಚ್ಚಿಕೊಂಡು ಅದು ಮದುವಣಿಗನಂತೆ ನಿಂತಿತು. ಅಗಾಪಿತೊ ತಂತಿ ಜೋಡಿಸಿದ. ಒಡಿಲಿಯಾ ಏನೋ ನೆನಪು ಮಾಡಿಕೊಂಡು, "ನಿಕಾ, ಆ ವಾಲ್ಯೂಮು..." ಎನ್ನುವಷ್ಟರಲ್ಲಿ ನಿಕಾನೋರ್ ಸ್ವಿಚ್ ಒತ್ತಿಬಿಟ್ಟಿದ್ದ. ವಾಲ್ಯೂಮ್ ಕೊನೆಯಲ್ಲೇ ಇತ್ತು.

ವಾಲ್ಟ್ಸ್ ಶುರುವಾಗಲಿಲ್ಲ, ಸಿಡಿಯಿತು. ಕೇಕಿನ ಮೇಲಂತಸ್ತು ತನ್ನಷ್ಟಕ್ಕೇ ಕೆಳಗಿಳಿಯಿತು. ಡಾಮಿನೊ ಬಿಲ್ಲೆಗಳು ಸಾಲಾಗಿ ಎದ್ದು ನಡೆದವು. ಕತ್ತೆಯ ಹೊಟ್ಟೆಯೊಳಗಿಂದ ಆರು ತಿಂಗಳ ಧೂಳಿನೊಂದಿಗೆ, ಅಲ್ಲೇ ಸಂಸಾರ ಹೂಡಿದ್ದ ಅಗಾಪಿತೋನ ಕೆಂಪು ಕೋಳಿಯೊಂದು ಹೊರಬಿದ್ದು, ಅತಿಥಿಗಳ ತಲೆಯ ಮೇಲೆ ಹಾರಿ, ಅಂಗಳವನ್ನೆಲ್ಲ ಒಮ್ಮೆ ಪರೀಕ್ಷಿಸಿ, ಕಡೆಗೆ ನಿಕಾನೋರನ ಪುಟ್ಟ ಸ್ಪೀಕರಿನ ಮೇಲೆ ಕೂತು ಕಣ್ಣು ಮುಚ್ಚಿತು. ಇಡೀ ಮನೆಯಲ್ಲಿ ಅದಕ್ಕಿಂತ ನೆಮ್ಮದಿಯ ಜಾಗ ಅದಕ್ಕೆ ಕಾಣಲಿಲ್ಲ.

ಒಡಿಲಿಯಾ ಓಡಿಹೋಗಿ ವಾಲ್ಯೂಮನ್ನು ಕಾಲು ಭಾಗಕ್ಕೆ ಇಳಿಸಿದಳು. ಅಷ್ಟೇ ಸಾಕಾಗಿತ್ತು. ಫ್ಯಾನು ತಿರುಗಿದವು, ಬಾಣಲೆ ಚುಂಯ್‌ಗುಟ್ಟಿತು, ಜನ ಗಲಗಲ ಮಾತಾಡಿದರು, ಎಲ್ಲದರ ಮೇಲೆ ವಾಲ್ಟ್ಸ್ ತೇಲಿತು. ಮೊದಲು ಗಡಿಬಿಡಿಯಲ್ಲಿ ಮರೆತಿದ್ದ ಎಡಗಾಲಿನ ಶೂವನ್ನೂ ತೊಡಿಸಿ ನಿಕಾನೋರ್ ಮಗಳನ್ನು ಮತ್ತೆ ಎಬ್ಬಿಸಿದ. ಎರಡು ಸುತ್ತು ಹಾಕುವಷ್ಟರಲ್ಲಿ ಅವಳು ನಗುತ್ತಿದ್ದಳು.

"ಪಪ್ಪಾ, ಫೋಟೊದಲ್ಲಿ ಹಿಂದೆ ಕತ್ತೆ ಬರುತ್ತೆ."

"ಬರಲಿ ಬಿಡು. ಮುಂದೆ ಒಂದು ಇದೆಯಲ್ಲ."

ಸುತ್ತುತ್ತಲೇ ನೋಡಿದ: ಅರ್ಜಿಗೆ ಸಹಿ ಹಾಕಿದ್ದ ಹನ್ನೊಂದು ಜನರಲ್ಲಿ ಒಂಬತ್ತು ಜನ ಕತ್ತೆಯ ಮೂಗಿನ ಕೆಳಗೇ ಕುಣಿಯುತ್ತಿದ್ದರು. ಮಿಕ್ಕಿಬ್ಬರು ಕೇಕು ಎತ್ತುತ್ತಿದ್ದರು.

ನೃತ್ಯ ಮುಗಿದ ಮೇಲೆ ಬೆವರೊರೆಸಿಕೊಳ್ಳುತ್ತ ಪಿಕೊ ಹಿಂಭಾಗಕ್ಕೆ ಹೋದ ನಿಕಾನೋರ್ ಅಲ್ಲೇ ನಿಂತುಬಿಟ್ಟ. ತಯಾರಕರು ಅಳತೆಯ ಚೀಟಿ ಅಂಟಿಸುವ ಜಾಗದಲ್ಲಿ, ಗಾಜು ಹಾಕಿಸಿದ ಚೌಕಟ್ಟಿನೊಳಗೆ, ಎರಡು ಪುಟ ಕಾಗದವಿತ್ತು. ಅಕ್ಷರ ಅವನದೇ.

'...ಸದರಿ ಪಿಕೊದ ಹಾಡು, ಬಾಗಿಲು ಕಿಟಕಿಗಳನ್ನು ಮುಚ್ಚಿ, ಹೊಲಿಗೆ ಯಂತ್ರವನ್ನು ಓಡಿಸುತ್ತ, ಎರಡೂ ಕಿವಿಗೆ ಹತ್ತಿ ಇಟ್ಟುಕೊಂಡಾಗಲೂ, ಒಂದಕ್ಷರ ತಪ್ಪದೆ, ಅತ್ಯಂತ ಸ್ಪಷ್ಟವಾಗಿ ಕೇಳಿಸುತ್ತದೆಂದು ಈ ಮೂಲಕ ದೃಢೀಕರಿಸುತ್ತೇವೆ.' ಕೆಳಗೆ ಹನ್ನೊಂದು ಸಹಿ.

"ಸಮಿತಿಯೋರ ಹತ್ರ ಕೇಳಿ ಇಸ್ಕೊಂಡೆ," ಹಿಂದಿನಿಂದ ಅಗಾಪಿತೊ ಹೇಳಿದ. "ತಯಾರಕರ ಚೀಟೀನ ಯಾರು ನಂಬ್ತಾರೆ? ಇಂಥಾ ಸರ್ಟಿಫಿಕೇಟು ಈ ಕರಾವಳಿಯಲ್ಲಿ ಬೇರೆ ಯಾವ ಪಿಕೊಗೂ ಇಲ್ಲ."

ನಿಕಾನೋರ್ ಕಿವಿಯ ಸಂದಿಯಿಂದ ಪೆನ್ಸಿಲ್ ತೆಗೆದು, ಚೌಕಟ್ಟು ಬಿಚ್ಚಿ, ಸಹಿಗಳ ಕೆಳಗೆ ಏನೋ ಬರೆಯತೊಡಗಿದ. ಕೇಕಿನ ತಟ್ಟೆ ಹಿಡಿದು ಬಂದ ಒಡಿಲಿಯಾ ಹುಬ್ಬೇರಿಸಿದಳು.

"ಮತ್ತೆ ಅರ್ಜೀನಾ?"

"ಇಲ್ಲ ಕಣೇ. ಅಳತೇಲಿ ಒಂದು ಬಿಟ್ಟುಹೋಗಿತ್ತು."

ಅವಳು ಭುಜದ ಮೇಲಿಂದ ಇಣುಕಿ, ಎಲ್ಲರಿಗೂ ಕೇಳುವಂತೆ ಓದಿದಳು: "ಅದೂ ಬರೀ ಆರು ವಾಟಿನಲ್ಲಿ."