ಟ್ಯಾಂಕು ಸರಕಾರದ್ದು, ಟ್ರ್ಯಾಕ್ಟರು ಅಪ್ಪನದು

ನಗೆಪಾಟಲಿನ ಪ್ರಸಂಗಗಳು ಕೆಲವರ ಮನೆಗೆ ವಿಳಾಸ ಕೇಳಿಕೊಂಡು ಬರುತ್ತವೆ. ನಾನು ಹದಿನೇಳು ವರ್ಷ ಗುಂಡು ಕೂಡ ತೂರದಂಥ ಉಕ್ಕಿನ ಗೋಡೆಯ ಹಿಂದೆ ಕೂತಿದ್ದವನು, ಅಲ್ಲಿಗೂ ಬಂದವು.

ಸೈನ್ಯದಲ್ಲಿ ನಾನು ಟ್ಯಾಂಕ್ ಡ್ರೈವರ್. ಹೋದ ವರ್ಷ ನಿವೃತ್ತನಾಗಿ ಮಾನ್ವಿ ಹತ್ತಿರದ ನಮ್ಮ ಹಳ್ಳಿಗೆ ಬಂದಿದ್ದೇನೆ. ನಲವತ್ತು ಟನ್ನಿಗೂ ಮಿಕ್ಕಿದ ಗಾಡಿಯನ್ನು ದೇಶ ನಂಬಿ ನನ್ನ ಕೈಗೆ ಕೊಟ್ಟಿತ್ತು. ಮನೆಯ ಟ್ರ್ಯಾಕ್ಟರನ್ನು ಮಾತ್ರ ಅಪ್ಪ ಕೊಡಲಿಲ್ಲ. ಹತ್ತೊಂಬತ್ತನೇ ವಯಸ್ಸಿನಲ್ಲಿ ನಾನು ಅದನ್ನು ಕಾಲುವೆಗೆ ಇಳಿಸಿದ್ದೆ. ಇಳಿಸಿದೆ ಅನ್ನುವುದು ನನ್ನ ಮಾತು, ಕೆಡವಿದ ಅನ್ನುವುದು ಅಪ್ಪನ ಮಾತು. ಅವತ್ತು ಚಾವಿಯನ್ನು ಉಡದಾರಕ್ಕೆ ಕಟ್ಟಿಕೊಂಡ ಅಪ್ಪ ಜಳಕ ಮಾಡುವಾಗಲೂ ಬಿಚ್ಚಲಿಲ್ಲ. ಆ ಸಿಟ್ಟಿಗೇ ನಾನು ರಾಯಚೂರಿನ ಮೈದಾನದಲ್ಲಿ ಸೈನ್ಯದ ಭರ್ತಿ ನಡೆದಾಗ ಎದ್ದೂ ಬಿದ್ದೂ ಓಡಿ ಪಾಸಾದೆ. ಟ್ಯಾಂಕ್ ಓಡಿಸುವ ಕೆಲಸ ಸಿಕ್ಕಿತೆಂದು ಫೋನ್ ಮಾಡಿದರೆ ಅಪ್ಪ ಕೇಳಿದ್ದು ಒಂದೇ ಮಾತು.

"ಅಲ್ಲಿ ಕಾಲುವಿ ಅವ ಏನಲೇ?"

"ಇಲ್ಲ ಯಪ್ಪಾ, ಎಲ್ಲಾ ಮರಳುಗಾಡು."

"ಹಂಗಾರ ಅಡ್ಡಿಲ್ಲ."

ಊರಿಗೆ ಹೋಗಿ ಆ ಚಾವಿಯನ್ನು ಅಪ್ಪನ ಕೈಯಿಂದಲೇ ಇಸಿದುಕೊಳ್ಳಬೇಕು ಅನ್ನುವ ಛಲ ನನ್ನಲ್ಲಿ ಹುಟ್ಟಿದ್ದು ಆ ಫೋನಿನಲ್ಲೇ.

ಹೋಳಿಗೆಯ ಹೊಟ್ಟೆ

ಟ್ಯಾಂಕಿಗೆ ಬಾಗಿಲಿಲ್ಲ. ಮೂವರಿಗೂ ಮೇಲಿನಿಂದ ಇಳಿಯುವ ಒಂದೊಂದು ಮುಚ್ಚಳದ ಕಿಂಡಿ. ಮೇಲೆ ಗೋಪುರದಲ್ಲಿ ಕಮಾಂಡರ್ ಮತ್ತು ತೋಪು ಹಾರಿಸುವ ಗನ್ನರ್. ಕೆಳಗೆ, ಮುಂದೆ, ಒಬ್ಬನೇ ಡ್ರೈವರ್. ನನ್ನ ಕಿಂಡಿ ಎಲ್ಲಕ್ಕಿಂತ ಚಿಕ್ಕದು. ಸೇನೆ ಸೇರಿದ ವರ್ಷ ಅದರೊಳಗೆ ಬಾವಿಗೆ ಬಿಟ್ಟ ಕೊಡದ ಹಾಗೆ ಸರಾಗವಾಗಿ ಇಳಿಯುತ್ತಿದ್ದೆ.

ಒಮ್ಮೆ ಎರಡು ತಿಂಗಳ ರಜೆ ಮುಗಿಸಿ ಹೋದೆ. ಅವ್ವ ಎರಡು ತಿಂಗಳೂ ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ ಅಂತ ತಿನ್ನಿಸಿದ್ದಳು. "ಮಿಲ್ಟ್ರ್ಯಾಗ ಏನು ಹಾಕ್ತಾರೋ ಏನೋ" ಅನ್ನುತ್ತ ಇನ್ನೊಂದು ಹೋಳಿಗೆ ಹಾಕುವುದು ಅವಳ ಪದ್ಧತಿ. ಬೆಳಿಗ್ಗೆ ಹತ್ತು ಟ್ಯಾಂಕು ಸಾಲಾಗಿ ನಿಂತಿವೆ, ಹತ್ತುವ ಹುಕುಂ ಆಯಿತು. ನನ್ನ ಕಾಲು ಹೋಯಿತು, ಸೊಂಟ ಹೋಯಿತು, ಹೊಟ್ಟೆ ಮಾತ್ರ ಹೊರಗೇ ನಿಂತಿತು. ಕೆಳಗೂ ಇಲ್ಲ, ಮೇಲೂ ಇಲ್ಲ. ಗನ್ನರ್ ತಮಿಳುನಾಡಿನವನು, ಹೆಗಲ ಮೇಲೆ ಕೈಯಿಟ್ಟು ನನ್ನನ್ನು ಚೀಲಕ್ಕೆ ಜೋಳ ತುಂಬುವ ಹಾಗೆ ಅದುಮಿದ.

ನಮ್ಮ ಕಮಾಂಡರ್ ಹರಿಯಾಣದವರು, ದಪ್ಪ ಮೀಸೆ, ಮಾತು ಕಡಿಮೆ. ಮೇಲಿನಿಂದ ಬಾಗಿ ಕೇಳಿದರು: "ನಾಳೆ ಯುದ್ಧದಲ್ಲಿ ಟ್ಯಾಂಕಿಗೆ ಬೆಂಕಿ ಬಿದ್ದರೆ ನಾವಿಬ್ಬರೂ ಹಾರಿ ಓಡುತ್ತೇವೆ. ನೀನೇನು ಮಾಡುತ್ತೀ?"

"ಸಾಬ್, ನೀವು ಮುಂದೆ ನಡೀರಿ. ನಾನು ಟ್ಯಾಂಕ್ ಸಮೇತ ಬರ್ತೀನಿ."

ತಂಪಿನ ಊರು

ಬೇಸಿಗೆಯಲ್ಲಿ ಮರಳುಗಾಡಿನ ಟ್ಯಾಂಕಿನೊಳಗೆ ಕೂರುವುದೆಂದರೆ ಕಾದ ಹಂಚಿನ ಮೇಲೆ ರೊಟ್ಟಿಯಾಗುವುದು. ಹಿಂದೆ ಎಂಜಿನ್ನು, ಮೇಲೆ ಸೂರ್ಯ, ಸುತ್ತ ಉಕ್ಕು. ಗುಡ್ಡಗಾಡಿನಿಂದ ಬಂದ ಹುಡುಗರು ಅರ್ಧ ತಾಸಿಗೆಲ್ಲ ಬಾಡಿದ ಸೊಪ್ಪಾಗಿ ಹೊರಗೆ ಬರುತ್ತಿದ್ದರು. ನಾನು ಮಾತ್ರ ಇಳಿದು, ಮುಖ ಒರೆಸಿಕೊಂಡು, ಚಹಾ ಇದೆಯಾ ಅಂತ ಕೇಳುತ್ತಿದ್ದೆ.

ದೊಡ್ಡ ಸಾಹೇಬರೊಬ್ಬರು ಇದನ್ನು ನೋಡಿ, "ನಿನಗೆ ಸೆಕೆ ಆಗುವುದಿಲ್ಲವೇ?" ಅಂದರು.

ಸುಮ್ಮನಿರಬಹುದಿತ್ತು. ಬಾಯಿ ಬಿಟ್ಟರೆ ಬಣ್ಣಗೇಡು. "ಸಾಬ್, ನಾನು ರಾಯಚೂರು ಕಡೆಯವನು. ನಮ್ಮಲ್ಲಿ ಶಿವರಾತ್ರಿಗೇ ಇಷ್ಟು ಇರುತ್ತದೆ" ಅಂದುಬಿಟ್ಟೆ. ಸಾಹೇಬರು ಬೆನ್ನು ತಟ್ಟಿದರು. ಮರುದಿನದಿಂದ ನಡುಮಧ್ಯಾಹ್ನದ ಓಟಗಳೆಲ್ಲ ನನ್ನ ಹೆಸರಿಗೆ ಬಂದವು. ನನ್ನ ಜೊತೆ ಕಮಾಂಡರ್ ಮತ್ತು ಗನ್ನರೂ ಬರಲೇಬೇಕಲ್ಲ! ಒಂದು ವಾರ ಅವರಿಬ್ಬರೂ ನನ್ನ ಹತ್ತಿರ ಮಾತಾಡಲಿಲ್ಲ.

ಹತ್ತು ದಿನಕ್ಕೆ ನಾನೂ ಸೋತೆ. ಅವ್ವನಿಗೆ ಫೋನ್ ಮಾಡಿ, "ಯವ್ವಾ, ಇಲ್ಲಿ ಸುಟ್ಟು ಸುಣ್ಣ ಆಗಾಕತ್ತೀನಿ. ರಜಾ ಹಾಕಿ ಊರಿಗೆ ಬಂದುಬಿಡ್ತೀನಿ" ಅಂದೆ.

ಅವ್ವ ಗಾಬರಿಯಾದಳು. "ಬ್ಯಾಡಪ್ಪಾ ಬ್ಯಾಡ! ಇಲ್ಲಿ ಬಿಸಲು ಭಾಳ ಅದ. ಒಂದು ತಿಂಗಳು ಅಲ್ಲೇ ತಂಪಿನಾಗ ಇರು."

ಲೀಟರಿಗೆ ಎಷ್ಟು?

ದೇವದುರ್ಗಕ್ಕೆ ಹೆಣ್ಣು ನೋಡಲು ಹೋದೆವು. ಹುಡುಗಿ ಅಲ್ಲೇ ಶಾಲೆಯ ಟೀಚರ್. ಪಡಸಾಲೆಯಲ್ಲಿ ಹೆಣ್ಣಿನ ಕಡೆಯ ಹಿರಿಯರು ಕೂತಿದ್ದರು, ಅವಲಕ್ಕಿ ಬಂತು, ಚಹಾ ಬಂತು. ಒಬ್ಬ ಅಜ್ಜ ನನ್ನ ಕೆಲಸ ವಿಚಾರಿಸಿದರು. ಹೇಳಿದೆ. ನಮ್ಮ ಕಡೆ ಗಾಡಿ ಯಾವುದೇ ಇರಲಿ, ಮೊದಲ ಪ್ರಶ್ನೆ ಒಂದೇ.

"ಲೀಟರಿಗೆ ಎಷ್ಟು ಕೊಡ್ತದ?"

"ಹಂಗ ಕೇಳಬಾರದ್ರಿ ಅಜ್ಜಾರ. ಕಿಲೋಮೀಟರಿಗೆ ಎಷ್ಟು ಲೀಟರ್ ಅಂತ ಕೇಳಬೇಕು."

ಅಜ್ಜ ಚಹಾದ ಬಸಿ ಕೆಳಗಿಟ್ಟರು. "ಇಂಥಾ ಗಾಡಿ ಇಟಗೊಂಡು ಸರಕಾರ ಹ್ಯಾಂಗ ಬಾಳೇ ಮಾಡ್ತದ? ಮಾರಿ ನಾಕು ಎಮ್ಮಿ ಕಟ್ಟಬಾರದೇನು?" ಆಮೇಲೆ ಅಪ್ಪನ ಕಡೆ ತಿರುಗಿದರು. "ಅದು ಹೋಗ್ಲಿ ಬಿಡ್ರಿ. ಹುಡುಗಗ ಟ್ರ್ಯಾಕ್ಟರ್ ಹೊಡಿಯಾಕ ಬರ್ತದ ಹೌದಲ್ಲೋ?"

ಅಪ್ಪ ಸುಳ್ಳಾಡುವ ಮನುಷ್ಯನಲ್ಲ. ತಲೆಯೆತ್ತಿ ಮಾಳಿಗೆಯ ಜಂತಿ ನೋಡಿದ, ಕೆಮ್ಮಿದ, ಉಡದಾರದ ಹತ್ತಿರ ಕೈಯಾಡಿಸಿದ. ಕೊನೆಗೆ, "ಟ್ಯಾಂಕ್ ಹೊಡಿತಾನ್ರಿ" ಅಂದ.

ಬಾಗಿಲ ಮರೆಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ಆ ನಗುವಿನಲ್ಲೇ ಸಂಬಂಧ ಕೂಡಿತು. ಮದುವೆಯಾಗಿ ಹೊಳೆದಂಡೆಯ ಗೂಗಲ್ ಊರಿಗೆ ದೇವರ ದರ್ಶನಕ್ಕೆ ಹೊರಟ ದಿನ ನಾನು ಹೆಂಡತಿಯ ಸ್ಕೂಟರಿನ ಚಾವಿಗೆ ಕೈಚಾಚಿದೆ. ಅವಳು ಕೊಡಲಿಲ್ಲ.

"ನೀವು ಹಿಂದ ಕುಂಡ್ರಿ. ನಾ ಹೊಡಿತೀನಿ, ಎಣ್ಣಿ ಉಳಿತದ."

ಅಡಗಿ ಕೂತ ದಿನ

ಅಭ್ಯಾಸದ ಯುದ್ಧದಲ್ಲಿ ನಮ್ಮವರದೇ ಎರಡು ಗುಂಪು. ಒಂದು ಗುಂಪು ಅಡಗಬೇಕು, ಇನ್ನೊಂದು ಹುಡುಕಬೇಕು. ಒಮ್ಮೆ ಅಡಗುವ ಪಾಳಿ ನಮ್ಮದು. ಟ್ಯಾಂಕಿನ ಮೇಲೆ ಬಲೆ ಹೊದಿಸಿ, ಬಲೆಯ ಮೇಲೆ ಮುಳ್ಳುಕಂಟಿ ಹಾಕಿ, ಮಾತು ಬಂದ್, ಬೀಡಿ ಬಂದ್, ಕೆಮ್ಮು ಕೂಡ ಬಂದ್. ಇಷ್ಟು ಚೆನ್ನಾಗಿ ಯಾರೂ ಅಡಗಿರಲಿಲ್ಲವೆಂದು ಕಮಾಂಡರಿಗೆ ಹೆಮ್ಮೆ.

ಮಧ್ಯಾಹ್ನ ಒಬ್ಬ ಮುದುಕ ಒಂಟೆ ಹಿಡಿದುಕೊಂಡು ಬಂದ. ನೇರವಾಗಿ ನಮ್ಮ ಹತ್ತಿರವೇ ಬಂದು, ಟ್ಯಾಂಕಿನ ಹಿಂದಿನ ಕೊಕ್ಕೆಗೆ ಒಂಟೆ ಕಟ್ಟಿ, ನೆರಳಿನಲ್ಲಿ ಟವೆಲ್ ಹಾಸಿ ಮಲಗಿದ. ಕಮಾಂಡರ್ ಹಲ್ಲು ಕಡಿದರು, ಮಾತಾಡುವಂತಿಲ್ಲ. ಎರಡು ತಾಸು ಕಳೆದ ಮೇಲೆ ರೇಡಿಯೋದಲ್ಲಿ ಹುಕುಂ ಬಂತು: ಪಾಳಿ ಬದಲು, ಈಗ ನೀವು ಹೊರಡಿ, ಎದುರಾಳಿಯನ್ನು ಹುಡುಕಿ. ಕಮಾಂಡರ್ ತಲೆ ಹೊರಗೆ ಹಾಕಿ, ಒಂಟೆ ಬಿಚ್ಚಿಕೊಳ್ಳುವಂತೆ ಮುದುಕನಿಗೆ ಪಿಸುಮಾತಿನಲ್ಲಿ ಹೇಳಿದರು.

ಮುದುಕ ಎದ್ದು ಟವೆಲ್ ಝಾಡಿಸಿದ. "ಹೊರಟಿರಾ? ಆ ದಿಬ್ಬದ ಹಿಂದೆ ಹೋಗಿ, ಎಂಟು ಟ್ಯಾಂಕಿವೆ. ಬರುವಾಗ ಅವರಿಗೇ ಹಾಲು ಕೊಟ್ಟು ಬಂದೆ. ನೀವು ಎಲ್ಲಿದ್ದೀರಿ ಅಂತ ಅವರೂ ಕೇಳಿದರು, ಹೇಳಿದ್ದೇನೆ."

ಅಪ್ಪ ಟ್ಯಾಂಕ್ ಹತ್ತಿದ

ನಿವೃತ್ತಿಗೆ ಮೊದಲು ನಮ್ಮಲ್ಲಿ ಮನೆಯವರನ್ನು ಕರೆಸಿ ಟ್ಯಾಂಕ್ ತೋರಿಸುವ ದಿನ ಬಂತು. ಎರಡು ದಿನ ರೈಲಿನಲ್ಲಿ ಕೂತು, ಶೇಂಗಾ ಉಂಡಿಯ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಅಪ್ಪ ಬಂದ. ಕಮಾಂಡರ್ ಅವನನ್ನು ಗನ್ನರಿನ ಜಾಗದಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನು, ಬಾಯಿಗೆ ಮೈಕು ಹಾಕಿದರು. ನಾನು ಕೆಳಗೆ ಡ್ರೈವರಿನ ಜಾಗದಲ್ಲಿ. ಇವತ್ತು ಅಪ್ಪನ ಮನಸ್ಸು ಗೆದ್ದೇ ಬಿಡಬೇಕೆಂದು ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ನಯವಾಗಿ ಹೊರಟೆ.

ಹತ್ತು ಮಾರು ಹೋಗಿರಲಿಲ್ಲ, ಕಿವಿಯೊಳಗೆ ಶುರುವಾಯಿತು. "ಲೇ, ಮೆಲ್ಲಕ! ಮುಂದ ತೆಗ್ಗು ಅದ! ಗೇರ್ ಇಳಸಲೇ! ಕಣ್ಣು ಎಲ್ಲಿಟ್ಟೀದಿ?" ಕಮಾಂಡರಿಗೆ ಕನ್ನಡ ಬರುವುದಿಲ್ಲ, ಆದರೂ ಇಳಿದ ಮೇಲೆ ನನ್ನ ಭುಜ ಹಿಡಿದು, "ಭಾಷೆ ತಿಳಿಯಲಿಲ್ಲ. ಆದರೆ ನಮ್ಮಪ್ಪನೂ ಇದನ್ನೇ ಹೇಳುತ್ತಿದ್ದರು" ಅಂದರು.

ಅಪ್ಪನಿಗೆ ಒಂದು ಅನುಮಾನ ಉಳಿದಿತ್ತು. ನನ್ನನ್ನು ದುಭಾಷಿ ಮಾಡಿಕೊಂಡು ಕಮಾಂಡರನ್ನು ಕೇಳಿದ: "ಇವನಿಗೆ ಹಿಂದಿಂದು ಕಾಣೂದಿಲ್ಲ. ಹಿಂದ ತಗೊಳ್ಳುವಾಗ ಹ್ಯಾಂಗ?"

"ನಾನು ಮೇಲಿನಿಂದ ಹೇಳುತ್ತೇನೆ. ನಾನು ಬಾ ಅಂದರೆ ಬರುತ್ತಾನೆ, ನಿಲ್ಲು ಅಂದರೆ ನಿಲ್ಲುತ್ತಾನೆ. ತಾನಾಗಿ ಏನೂ ಮಾಡುವಂತಿಲ್ಲ."

"ಎಲ್ಲ್ಯಾರ ಗುದ್ದಿದ್ರ?"

"ಡ್ರೈವರಿನ ತಪ್ಪಲ್ಲ. ಕಮಾಂಡರಿನ ತಪ್ಪು."

ಅಪ್ಪ ಆ ಮನುಷ್ಯನನ್ನು ಬಹಳ ಹೊತ್ತು ನೋಡಿದ. ಕಣ್ಣಲ್ಲಿ ಮರುಕ ತುಂಬಿತು. ಆಮೇಲೆ ನನಗೆಂದು ತಂದ ಉಂಡಿಯ ಡಬ್ಬಿಯನ್ನು ಇಡಿಯಾಗಿ ಅವರ ಕೈಗಿಟ್ಟ.

"ತಿನ್ನಲಿ ಪಾಪ. ಎಷ್ಟು ವರ್ಷದಿಂದ ಇವನ ತಪ್ಪು ಹೊರಾಕತ್ತಾನೋ."

ಮಾನ್ವಿಯ ರೈಸ್ ಮಿಲ್ಲು

ಊರಿಗೆ ಬಂದು ಎಂಟು ತಿಂಗಳಾದರೂ ಚಾವಿ ಉಡದಾರದಲ್ಲೇ ಇತ್ತು. ಅಷ್ಟರಲ್ಲಿ ಅಪ್ಪನಿಗೆ ರಾಯಚೂರಿನಲ್ಲಿ ಕಣ್ಣಿನ ಪೊರೆಯ ಆಪರೇಶನ್ ಆಯಿತು. ಒಂದು ತಿಂಗಳು ಗಾಡಿ ಮುಟ್ಟಬಾರದೆಂದು ಡಾಕ್ಟರು ಹೇಳಿದರು. ಅತ್ತ ಭತ್ತ ಕಟಾವಾಗಿ ಚೀಲ ತುಂಬಿ ಕೂತಿದೆ, ಮಿಲ್ಲಿಗೆ ಹೋಗಬೇಕು, ಸುಗ್ಗಿಯಲ್ಲಿ ಊರಿನ ಒಬ್ಬ ಡ್ರೈವರೂ ಖಾಲಿ ಇಲ್ಲ. ಅಪ್ಪ ಮೂರು ದಿನ ತಡೆದ. ನಾಲ್ಕನೇ ದಿನ ಚಾವಿ ಬಿಚ್ಚಿದ. ಕೊಟ್ಟ ಅಂದುಕೊಳ್ಳಬೇಡಿ, ತಾನೇ ಹಾಕಿ ತಿರುವಿ ಎಂಜಿನ್ ಚಾಲೂ ಮಾಡಿದ.

"ನೀ ಡ್ರೈವರ್ ಅಷ್ಟೇ. ಕಮಾಂಡರ್ ನಾ" ಅಂತ ಕರಿ ಕನ್ನಡಕ ಹಾಕಿಕೊಂಡು ಗಾಲಿಯ ಮಡ್‌ಗಾರ್ಡ್ ಮೇಲೆ ಕೂತ.

ದಾರಿಯುದ್ದಕ್ಕೂ ಹುಕುಂ. ಎಡಕ್ಕ, ಬಲಕ್ಕ, ಎಮ್ಮಿ ಬಂತು, ಮೆಲ್ಲಕ. ನನಗೇನೂ ಬೇಸರವಾಗಲಿಲ್ಲ, ನಿಜ ಹೇಳಬೇಕೆಂದರೆ ಎಂಟು ತಿಂಗಳಿಂದ ಕಿವಿ ಬಿಕೋ ಅನ್ನುತ್ತಿತ್ತು. ಕಾಲುವೆಯ ದಂಡೆಯನ್ನೂ ಕ್ಷೇಮವಾಗಿ ದಾಟಿದೆವು. ಮಿಲ್ಲಿನ ಅಂಗಳದಲ್ಲಿ ಟ್ರೇಲರನ್ನು ಹಿಮ್ಮುಖವಾಗಿ ಕಟ್ಟೆಗೆ ಹಚ್ಚಬೇಕಿತ್ತು. "ಹಿಂದ ತಗೋ... ಬರ್ಲಿ... ಬರ್ಲಿ..." ಅಂದ ಅಪ್ಪ. ನಾನು ಹಿಂದಕ್ಕೆ ಬಿಟ್ಟೆ.

ಕಟ್ಟೆಯ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡಿದ್ದ ಮಿಲ್ಲಿನ ಮಾಲಕರು ಅಪ್ಪನನ್ನು ಕಂಡು, ಕೈಮುಗಿದು ಎದ್ದು ಬಂದರು. "ಬರ್ರಿ ಬರ್ರಿ ಗೌಡ್ರ. ಕಣ್ಣು ಹ್ಯಾಂಗದ ಈಗ?"

ಆಪರೇಶನ್ ಆದವರನ್ನು ಈ ಪ್ರಶ್ನೆ ಕೇಳಬಾರದು. ಅಪ್ಪ ರಾಯಚೂರಿನ ಬಸ್ಸು ಹತ್ತಿದ ಕಡೆಯಿಂದ ಶುರು ಮಾಡಿದ. ಆಸ್ಪತ್ರೆಯ ಪಾಳಿ ಆಯಿತು, ಕಣ್ಣಿಗೆ ಹಾಕಿದ ಔಷಧ ಆಯಿತು, ಪಟ್ಟಿ ಬಿಚ್ಚಿದ ನರ್ಸಿನ ಮಾತು ಆಯಿತು. ನಿಲ್ಲು ಅನ್ನುವ ಹುಕುಂ ಮಾತ್ರ ಬರಲಿಲ್ಲ. ನಾನು ಹದಿನೇಳು ವರ್ಷದಲ್ಲಿ ಒಂದು ಸಲವೂ ಹಿಂದೆ ತಿರುಗಿ ನೋಡಿದವನಲ್ಲ. ಕುತ್ತಿಗೆಗೆ ಆ ರೂಢಿಯೇ ಇಲ್ಲ. ಮುಂದೆ ನೋಡುತ್ತ, ಕಿವಿ ಹಿಂದಿಟ್ಟು, ಶಿಸ್ತಿನಿಂದ ಹಿಂದೆ ಹೋಗುತ್ತಲೇ ಇದ್ದೆ.

ಫಟ್ ಅಂತು. ಆಮೇಲೆ ಚುರ್ರ್ ಅಂತು. ಮಾಲಕರ ಕುರ್ಚಿ ಚಪಾತಿಯಾಗಿತ್ತು, ಪಕ್ಕದ ಕುಡಿಯುವ ನೀರಿನ ದೊಡ್ಡ ಅರವಿ ಒಡೆದು ಅಂಗಳವೆಲ್ಲ ನೀರು. ಹಮಾಲರು ಚೀಲ ಇಳಿಸುವುದು ಬಿಟ್ಟು ಹೊಟ್ಟೆ ಹಿಡಿದುಕೊಂಡು ನಗತೊಡಗಿದರು.

"ಹಿಂದ ನೋಡಬಾರದೇನು?" ಮಾಲಕರು ನನ್ನ ಮೇಲೆ ಹರಿಹಾಯ್ದರು. "ದೊಡ್ಡ ಟ್ಯಾಂಕ್ ಹೊಡದು ಬಂದಾರಂತ! ನಾ ಏಳಲಿಲ್ಲಂದ್ರ ಇವತ್ತು ನನ್ನ ಗತಿ?"

"ನಿಲ್ಲು ಅಂತ ಹೇಳಲಿಲ್ರಿ" ಅಂದೆ. ಮುಗಿಯಿತು, ಆ ಚಾವಿ ಇನ್ನು ಈ ಜನ್ಮದಲ್ಲಿ ಉಡದಾರ ಬಿಟ್ಟು ಬರುವುದಿಲ್ಲ ಅಂದುಕೊಂಡೆ.

ಅಪ್ಪ ಮಡ್‌ಗಾರ್ಡಿನಿಂದ ಇಳಿದ. ಕರಿ ಕನ್ನಡಕ ತೆಗೆದ. ಕುರ್ಚಿ ನೋಡಿದ, ಅರವಿ ನೋಡಿದ, ನನ್ನನ್ನು ನೋಡಿದ.

"ಅವನ್ನ ಬೈಬ್ಯಾಡ್ರಿ" ಅಂದ. "ಡ್ರೈವರಂದು ತಪ್ಪಿಲ್ಲ. ತಪ್ಪು ಕಮಾಂಡರಂದು."

ನನ್ನ ಕಣ್ಣು ತುಂಬಿ ಬಂದವು, ಅದರಲ್ಲಿ ಮುಚ್ಚಿಡುವುದೇನಿದೆ. ಹುಟ್ಟಿದಾಗಿನಿಂದ ಅಪ್ಪ ನನ್ನ ತಪ್ಪನ್ನು ತನ್ನದು ಅಂದದ್ದು ಅದೇ ಮೊದಲು. ಹೊಸ ಕುರ್ಚಿ, ಹೊಸ ಅರವಿ ಅಪ್ಪನೇ ಪೇಟೆಯಿಂದ ತಂದುಕೊಟ್ಟ, ಮಾಲಕರೂ ನಕ್ಕು ಚಹಾ ತರಿಸಿದರು. ಹೊರಡುವಾಗ ಅಪ್ಪ ಎಂಜಿನ್ನಿನಿಂದ ಚಾವಿ ಕಿತ್ತು ನನ್ನ ಅಂಗೈಯಲ್ಲಿಟ್ಟು ಬೆರಳು ಮುಚ್ಚಿದ. ಅವನು ಮಡ್‌ಗಾರ್ಡಿಗೆ ಬರದೆ, ಹಿಂದಿನ ಖಾಲಿ ಟ್ರೇಲರ್ ಹತ್ತಿ, ಗೋಣಿಚೀಲ ಹಾಸಿಕೊಂಡು ಕಾಲು ಚಾಚಿದ.

"ಯಪ್ಪಾ, ಅಲ್ಲ್ಯಾಕ? ಮುಂದ ಬಾ, ಹೇಳಾಕ ಯಾರರ ಬೇಕಲ್ಲ!"

"ನನ್ನ ಕೈಲೆ ಆಗೂದಿಲ್ಲಪಾ ಆ ನೌಕರಿ. ಇನ್ನ ಮ್ಯಾಲೆ ಡ್ರೈವರೂ ನೀನೇ, ಕಮಾಂಡರೂ ನೀನೇ" ಅಂದ ಅಪ್ಪ, ಮುಖದ ಮೇಲೆ ಟವೆಲ್ ಎಳೆದುಕೊಳ್ಳುತ್ತ. "ಎಲ್ಲ್ಯಾರ ಗುದ್ದಿದ್ರ ನನ್ನ ಎಬ್ಬಿಸಬ್ಯಾಡ."