ಮುಚ್ಚಳಕ್ಕೆ ಡಬ್ಬಿ ಹುಡುಕಿದ ಭಾನುವಾರ

ಗುಮಾಸ್ತ ಅಡುಗೆಮನೆಯ ಕಪಾಟಿನ ಬಾಗಿಲು ತೆಗೆದದ್ದು ಸಕ್ಕರೆಗಾಗಿ. ಸಕ್ಕರೆ ಬರಲಿಲ್ಲ. ಪ್ಲಾಸ್ಟಿಕ್ ಮುಚ್ಚಳಗಳು ಒಂದರ ಹಿಂದೊಂದು ಅವನ ನೆತ್ತಿಯ ಮೇಲೆ ಬಿದ್ದವು, ಕೊನೆಗೆ ಒಂದು ಸ್ಟೀಲಿನದು. ವಿದ್ಯುತ್ ಕಚೇರಿಯ ದೂರು ವಿಭಾಗದಲ್ಲಿ ಕೂತು ವಾರವಿಡೀ ಊರವರ ಬೈಗುಳ ತಿನ್ನುವ ಅವನಿಗೆ ನಿದ್ದೆ ಮಾಡಲು ಇದ್ದದ್ದು ಭಾನುವಾರವೊಂದೇ. ಅದು ಹೀಗೆ ಶುರುವಾಯಿತು.

"ಮತ್ತೆ ಬೀಳಿಸಿದ್ರಾ?" ಹೆಂಡತಿ ಒಳಗಿನಿಂದಲೇ ಕೇಳಿದಳು.

"ನಾನು ಬೀಳಿಸ್ಲಿಲ್ಲ ಮಾರಾಯ್ತಿ, ಅವೇ ಬಿದ್ವು."

"ಸಾಕಾಗಿ ಹೋಯ್ತು ನಂಗೆ. ಡಬ್ಬಿ ಇದ್ರೆ ಮುಚ್ಚಳ ಇಲ್ಲ, ಮುಚ್ಚಳ ಇದ್ರೆ ಡಬ್ಬಿ ಇಲ್ಲ. ನನ್ನ ತಮ್ಮನ್ನ ಕರೆಸ್ತೀನಿ. ನೀಟಾಗಿ ಜೋಡಿಸಿ ಹೋಗ್ತಾನೆ."

ಗುಮಾಸ್ತ ಸಕ್ಕರೆಯನ್ನು ಮರೆತೇಬಿಟ್ಟ. ಬಾಮೈದ ದೊಡ್ಡ ಗೋದಾಮೊಂದರ ಮೇಲ್ವಿಚಾರಕ. ಜೋಡಿಸುತ್ತಾನೆ, ನಿಜ. ಆದರೆ ಹೋಗುವುದಿಲ್ಲ. ಹಿಂದಿನ ಸಲ ಚಪ್ಪಲಿ ಗೂಡು ಸರಿಮಾಡಲು ಬಂದವನು ತಿಂಗಳುಗಟ್ಟಲೆ ಗುಮಾಸ್ತನ ಮಂಚದ ಮೇಲೆ ಮಲಗಿದ್ದ. ಗುಮಾಸ್ತನನ್ನು ನೆಲದ ಮೇಲಿಂದ ನಸುಕಿಗೇ ಎಬ್ಬಿಸಿ ಬಸ್ಕಿ ಹೊಡೆಸಿದ್ದ. ಬನಿಯನ್ನುಗಳನ್ನು ಬಣ್ಣದ ಪ್ರಕಾರ ಜೋಡಿಸಿದ್ದ, ಎಲ್ಲವೂ ಬಿಳಿಯವೇ ಆಗಿದ್ದರೂ.

"ಪಾಪ, ಅವನಿಗ್ಯಾಕೆ ತೊಂದ್ರೆ? ಸಂಜೆಯೊಳಗೆ ನಾನೇ ಜೋಡಿಸ್ತೀನಿ."

"ನೋಡೋಣ. ಆಗ್ಲಿಲ್ಲ ಅಂದ್ರೆ ಫೋನ್ ಮಾಡೋದೇ."

ಅಡುಗೆಮನೆಯಲ್ಲಿ ಇಬ್ಬರು ನಿಂತರೆ ಮೂರನೆಯವರು ಉಸಿರಾಡುವಂತಿಲ್ಲ. ಗುಮಾಸ್ತ ತಾನಿದ್ದ ಮಹಡಿ ಕಟ್ಟಡದಲ್ಲಿ ಮನೆ ಬಾಗಿಲ ಮುಂದಿನ ಕಾರಿಡಾರಿನಲ್ಲಿ ಚಾದರ ಹಾಸಿ ಎಲ್ಲವನ್ನೂ ಅಲ್ಲಿ ಸುರಿದ. ಅದೇ ಅವನು ಮಾಡಿದ ತಪ್ಪು. ಆ ಕಟ್ಟಡದಲ್ಲಿ ತಿಂಡಿ ತುಂಬಿಕೊಂಡು ಪಕ್ಕದ ಮನೆಗೆ ಹೋದ ಡಬ್ಬಿ ವಾಪಸಾಗುವಾಗ ಬೇರೆ ಯಾವುದೋ ಮುಚ್ಚಳ ಹಾಕಿಕೊಂಡೇ ಬರುವುದು ರೂಢಿ. ಯಾರೂ ಬಾಯಿಬಿಟ್ಟು ಕೇಳುವುದಿಲ್ಲ, ಯಾರೂ ಮರೆಯುವುದೂ ಇಲ್ಲ.

ಮೊದಲು ಬಂದವರು ಎದುರುಮನೆಯ ನಿವೃತ್ತ ಲೆಕ್ಕದ ಮೇಷ್ಟ್ರು.

"ಹೀಗೆಲ್ಲ ಕಣ್ಣಂದಾಜಲ್ಲಿ ಆಗಲ್ರೀ. ವ್ಯಾಸ ಅಳೀಬೇಕು," ಎಂದು ಟೇಪು ತಂದು ಕೂತರು. ಚೌಕದ ಡಬ್ಬಿ ಕೈಗೆ ಬಂದಾಗ ಮಾತ್ರ ಟೇಪನ್ನು ಮೂಲೆಯಿಂದ ಮೂಲೆಗೆ ಹಿಡಿದು ನೋಡಿ, ಅದನ್ನು ಮೆಲ್ಲನೆ ಪಕ್ಕಕ್ಕೆ ಸರಿಸಿದರು.

ಸದ್ದಿಗೆ ಮೇಲ್ಮನೆಯ ಅಜ್ಜಿ ಇಳಿದುಬಂದರು. "ಈ ನೀಲಿ ಮುಚ್ಚಳ ನಂದು ಕಣಪ್ಪ! ನಮ್ಮನೆಯವರು ಇದ್ದಾಗ ಕಳೆದದ್ದು. ತಡಿ, ನಮ್ಮನೇಲೂ ಒಂದಿಷ್ಟಿವೆ." ಹೋದವರು ದಿಂಬಿನ ಚೀಲದ ತುಂಬ ಒಂಟಿ ಮುಚ್ಚಳ ಹೊತ್ತು ತಂದು ಸುರಿದರು.

ಕೆಳಮನೆಯ ಟೈಲರಮ್ಮ ಮುಚ್ಚಳವಿಲ್ಲದ ಡಬ್ಬಿಗಳನ್ನು ಸೀರೆಯ ಸೆರಗಲ್ಲಿ ತುಂಬಿಕೊಂಡು ಬಂದರು. ನೀಲಿ ಮುಚ್ಚಳ ಅವರ ಡಬ್ಬಿಗೆ ಟಪ್ಪೆಂದು ಕೂತಿತು.

"ನೋಡಿದ್ರಾ? ನಂದೇ!"

"ನಿನ್ನ ಡಬ್ಬಿಗೆ ಕೂತ್ರೆ ನಿಂದಾಗತ್ತೇನೇ? ನಿನ್ನ ಚಪ್ಪಲಿ ನನ್ನ ಕಾಲಿಗೂ ಆಗತ್ತೆ!"

"ಅಜ್ಜೀ, ಮಾತು ನೆಟ್ಟಗಿರ್ಲಿ!"

ಗುಮಾಸ್ತ ಇಬ್ಬರ ಕಡೆಗೂ ಕೈ ಮುಗಿದ. ಇಬ್ಬರೂ ಅವನ ಮೇಲೇ ಹರಿಹಾಯ್ದರು. ಕಚೇರಿಯಲ್ಲಾದರೆ ನಡುವೆ ಗಾಜಿನ ಕಿಂಡಿ ಇರುತ್ತದೆ, ಮಧ್ಯಾಹ್ನ ಅದನ್ನು ಮುಚ್ಚಿ ಊಟಕ್ಕೆ ಹೋಗಬಹುದು. ಇಲ್ಲಿ ಊಟವೂ ಇಲ್ಲ, ಕಿಂಡಿಯೂ ಇಲ್ಲ. ಮೇಷ್ಟ್ರು ಬೇರೆ ಅಳತೆ ತಪ್ಪಿತೆಂದು ಎಲ್ಲವನ್ನೂ ಕಲಸಿ ಮತ್ತೆ ಮೊದಲಿನಿಂದ ಶುರುಮಾಡಿದರು. ಗುಮಾಸ್ತನಿಗೆ ಅಲ್ಲೇ ಕೂತು ಅತ್ತುಬಿಡೋಣ ಅನ್ನಿಸಿತು.

ಬಿಸಿಲು ಇಳಿಯುವ ಹೊತ್ತಿಗೆ ಯಾರೂ ಎಣಿಸದಿದ್ದದ್ದು ನಡೆಯಿತು. ಮೂರು ಮನೆಯ ಡಬ್ಬಿಗಳೂ ಮುಚ್ಚಳಗಳೂ ಒಂದಾಗಿದ್ದರಿಂದ ಎಲ್ಲಕ್ಕೂ ಜೋಡಿ ಸಿಕ್ಕಿತ್ತು. ಆದರೆ ಡಬ್ಬಿ ಒಬ್ಬರದು, ಮುಚ್ಚಳ ಇನ್ನೊಬ್ಬರದು.

"ಕೂಡಿದ್ದನ್ನ ಬಿಡಿಸೋದು ಬೇಡ. ಎಲ್ಲಾ ಇವರ ಮನೇಲೇ ಇರ್ಲಿ. ಬೇಕಾದಾಗ ಬಂದು ತಗೊಂಡ್ಹೋಗೋಣ," ಎಂದು ಮೇಷ್ಟ್ರು ತೀರ್ಪು ಕೊಟ್ಟರು. ಅಜ್ಜಿಯೂ ಟೈಲರಮ್ಮನೂ ಮೊದಲ ಸಲ ಒಂದೇ ಮಾತಿಗೆ ತಲೆಯಾಡಿಸಿದರು.

ಮನೆ ಕಟ್ಟಡಕ್ಕೆಲ್ಲ ಉಗ್ರಾಣವಾಯಿತೆಂದು ಗುಮಾಸ್ತನಿಗೆ ಬೇಸರವೇನೂ ಆಗಲಿಲ್ಲ. ಬಾಮೈದ ಬರುವುದಿಲ್ಲವಲ್ಲ, ಅಷ್ಟು ಸಾಕು. ಕಪಾಟಿನಲ್ಲಿ ದೊಡ್ಡವು ಕೆಳಗೆ, ಚಿಕ್ಕವು ಮೇಲೆ ಜೋಡಿಸಿ ಬಾಗಿಲು ತೆಗೆದು ಮುಚ್ಚಿ ಪರೀಕ್ಷಿಸಿದ. ಒಂದೂ ಬೀಳಲಿಲ್ಲ.

ಹೆಂಡತಿ ಕಣ್ಣರಳಿಸಿದಳು. "ಅಬ್ಬಾ! ನಿಮ್ಮ ಕೈಲೂ ಆಗತ್ತಲ್ರೀ!" ಎಂದವಳೇ ಫೋಟೋ ತೆಗೆದು ತಮ್ಮನಿಗೆ ಕಳಿಸಿದಳು. ಗುಮಾಸ್ತ ಇನ್ನೇನು ದಿಂಬಿಗೆ ತಲೆ ಕೊಡಬೇಕು, ಫೋನ್ ಬಡಿದುಕೊಂಡಿತು.

"ಭಾವಾ, ಭೇಷ್!" ಬಾಮೈದನ ದನಿ ಉಬ್ಬಿಬಂದಿತ್ತು. "ಬೇಜಾರು ಮಾಡ್ಕೋಬೇಡಿ, ನಿಮ್ಮ ಅಡುಗೆಮನೆ ನೋಡಿದ್ರೆ ನಂಗೆ ತಲೆ ಸುತ್ತಿ ಬರ್ತಿತ್ತು. ಹೋದ್ಸಲ ಅದಕ್ಕೇ ಬೇಗ ಹೊರಟುಬಿಟ್ಟೆ."

"ಬೇಗ?" ಎಂದ ಗುಮಾಸ್ತ.

"ಹೂಂ. ನಿಮ್ಮೂರ ಗೋದಾಮಿಗೆ ವರ್ಗ ಕೊಡ್ತೀವಿ ಅಂತ ಸಾಹೇಬ್ರು ವರ್ಷದಿಂದ ಬೆನ್ನು ಬಿದ್ದಿದ್ರು. ಆ ಮನೇಲಿ ಹೇಗಿರೋದು ಅಂತ ಬೇಡ ಅಂತಿದ್ದೆ. ಫೋಟೋ ನೋಡಿದ ತಕ್ಷಣ ಒಪ್ಕೊಂಡುಬಿಟ್ಟೆ ಭಾವ. ಬೇರೆ ಮನೆ ಯಾಕೆ ಹುಡುಕ್ಲಿ, ಹೇಳಿ?"

ಗುಮಾಸ್ತ ಫೋನಿಟ್ಟು ಸೀದಾ ಅಡುಗೆಮನೆಗೆ ನಡೆದ. ಕಪಾಟು ತೆರೆದು ಎಲ್ಲವನ್ನೂ ಎಳೆದು ಕೆಡವಬೇಕೆಂದು ಕೈ ಎತ್ತಿದ. ಅದಕ್ಕೂ ಅವನಲ್ಲಿ ತ್ರಾಣ ಉಳಿದಿರಲಿಲ್ಲ.