ಅತ್ತೆಯ ಎದೆಗೆ ಒಗ್ಗುವ ಸಿನಿಮಾ

ನಮ್ಮ ಮನೆಯಲ್ಲಿ ಸಿನಿಮಾ ನೋಡುವುದಕ್ಕೆ ಇಬ್ಬರು, ಅಭಿಪ್ರಾಯ ಹೇಳುವುದಕ್ಕೆ ಒಬ್ಬ. ಆ ಒಬ್ಬ ನಾನು. ಇದರಲ್ಲಿ ಅನ್ಯಾಯವೇನೂ ಇಲ್ಲ. ಕಿಟಕಿ ಪರದೆಯ ಬಣ್ಣ, ಬೀಗದ ಕೈ ಇಡುವ ಜಾಗ, ನನ್ನ ತಲೆಗೂದಲಿನ ಉದ್ದ, ಹೀಗೆ ಮಿಕ್ಕ ಸಕಲ ವಿಷಯಗಳಲ್ಲೂ ಅಂತಿಮ ತೀರ್ಪು ನನ್ನಾಕೆಯದು. ನನ್ನ ಪಾಲಿಗೆ ಉಳಿದದ್ದು ಸಿನಿಮಾ ಎಂಬ ಪುಟ್ಟ ಸಂಸ್ಥಾನ. ಅದನ್ನು ನಾನು ಸೋಫಾದ ಎಡಮೂಲೆಯಿಂದ ಆಳುತ್ತಿದ್ದೆ.

ಹೊಟ್ಟೆಪಾಡಿಗೆ ನಾನು ಅಳತೆ ಮತ್ತು ತೂಕದ ಇಲಾಖೆಯಲ್ಲಿ ಇನ್‌ಸ್ಪೆಕ್ಟರು. ತೂಕದ ಕಲ್ಲನ್ನು ಅಂಗೈ ಮೇಲೆ ಇಟ್ಟುಕೊಂಡರೆ ಸಾಕು, ಅದರ ಹೊಟ್ಟೆ ಕೊರೆದಿದ್ದಾರೋ ಇಲ್ಲವೋ ಹೇಳಿಬಿಡುತ್ತೇನೆ. ನಾನು ಬೀದಿಯ ಆ ತುದಿಯಲ್ಲಿ ಕಾಣಿಸಿದರೆ ಈ ತುದಿಯ ತಕ್ಕಡಿಗಳು ಸತ್ಯ ನುಡಿಯತೊಡಗುತ್ತವೆ. ಪೇಟೆಯಲ್ಲಿ ನನ್ನನ್ನು ‘ತೂಕದ ಸಾಹೇಬ್ರು’ ಎನ್ನುತ್ತಾರೆ (ಬೆನ್ನ ಹಿಂದೆ ಬೇರೆ ಏನೋ ಎನ್ನುತ್ತಾರೆ, ಅದು ಇಲ್ಲಿ ಬೇಡ). ಇಂಥವನ ಕಣ್ಣಿಗೆ ಮಣ್ಣೆರಚಿ ಒಂದು ಸಿನಿಮಾ ಪಾರಾಗುವುದುಂಟೇ?

ಹಳೆಯ ಸಿನಿಮಾಗಳ ಬಗ್ಗೆ ನನ್ನ ತಕರಾರು ಕೆಮ್ಮಿನದು. ಕಪ್ಪು ಬಿಳುಪಿನ ಕಾಲದಲ್ಲಿ ಮೊದಲರ್ಧದಲ್ಲಿ ಕೆಮ್ಮಿದವರು ಕೊನೆಯವರೆಗೆ ಬದುಕಿದ್ದನ್ನು ನಾನು ಕಂಡಿಲ್ಲ. ಆದರೆ ಹಾಡುವುದಕ್ಕೆ ಮಾತ್ರ ಅವರಿಗೆ ಉಸಿರು ಎಲ್ಲಿಂದಲೋ ಒದಗಿಬರುತ್ತದೆ. ಮೊನ್ನೆ ನೋಡಿದ್ದರಲ್ಲಿ ಬಂದರಿನ ಕೂಲಿಯೊಬ್ಬ ಮೈ ಸುಡುವ ಜ್ವರದಲ್ಲಿ, ಸುರಿಯುವ ಮಳೆಯಲ್ಲಿ ನಿಂತು, ಒಂದು ಚರಣವನ್ನೂ ಬಿಡದೆ ಪೂರ್ತಿ ಹಾಡಿ ಆಮೇಲೆ ಬಿದ್ದ. ಡಾಕ್ಟರು ಬಂದು ನಾಡಿ ನೋಡಿ ಕನ್ನಡಕ ತೆಗೆದರು. ಹಳೆಯ ಸಿನಿಮಾದಲ್ಲಿ ಡಾಕ್ಟರು ಕನ್ನಡಕ ತೆಗೆದರೆಂದರೆ ಕಥೆ ಮುಗಿದ ಹಾಗೆ, ನಾವು ಸೀಟಿನ ಕೆಳಗೆ ಚಪ್ಪಲಿ ಹುಡುಕಿಕೊಳ್ಳಬಹುದು.

ಹೊಸ ಸಿನಿಮಾದವರ ರೋಗ ಬೇರೆ. ಅವರು ಲೈಟೇ ಹಾಕುವುದಿಲ್ಲ. ಹೋದ ವಾರದ್ದರಲ್ಲಿ ಕಗ್ಗತ್ತಲಲ್ಲಿ ಯಾರೋ ಯಾರನ್ನೋ ಇರಿದರು. ಇರಿದವನೇ ನಾಯಕ ಎಂದು ನಾನು, ಇರಿತ ತಿಂದವನು ಎಂದು ನನ್ನಾಕೆ, ಅರ್ಧ ಗಂಟೆ ಜಗಳವಾಡಿದೆವು. ಕೊನೆಗೆ ನೋಡಿದರೆ ನಾಯಕ ಆ ಹೊತ್ತಿನಲ್ಲಿ ಬೇರೆ ಊರಿನಲ್ಲಿದ್ದ. ಇನ್ನೊಂದರಲ್ಲಿ ಗಂಡ ಹೆಂಡತಿ ಸಿನಿಮಾ ಪೂರ್ತಿ ತುಟಿ ಬಿಚ್ಚದೆ ಪಾತ್ರೆ ತೊಳೆದು, ತೊಳೆದದ್ದು ಮುಗಿದ ಮೇಲೆ ಬೇರೆಯಾದರು. ಅದಕ್ಕೆ ಪ್ರಶಸ್ತಿ ಬಂದಿದೆಯಂತೆ. ತುಟಿ ಬಿಚ್ಚದೆ ಪಾತ್ರೆ ತೊಳೆಯುವವರಿಗೆಲ್ಲ ಪ್ರಶಸ್ತಿ ಕೊಡುವುದಾದರೆ ನನ್ನ ಮನೆಯ ಗೋಡೆಯಲ್ಲಿ ಇನ್ನೊಂದು ಮೊಳೆ ಹೊಡೆಯಲು ಜಾಗವಿರುತ್ತಿರಲಿಲ್ಲ.

ಹೀಗೆ ಪರದೆಗೆ ಬೈದುಕೊಂಡು ಸುಖವಾಗಿದ್ದ ನಾನು ಒಂದು ದಿನ ತರಕಾರಿ ಮಾರುಕಟ್ಟೆಯಲ್ಲಿ ತಕ್ಕಡಿ ತಪಾಸಣೆ ಮಾಡುತ್ತ ಮಾಡುತ್ತ ಬದನೆಕಾಯಿ ರಾಶಿಯ ಮೇಲೆ ದೊಪ್ಪನೆ ಬಿದ್ದೆ. (ಅಂಗಡಿಯವನು ಮೊದಲು ಎತ್ತಿದ್ದು ಬದನೆಕಾಯಿಗಳನ್ನು.) ಆಸ್ಪತ್ರೆಯಲ್ಲಿ ಎದೆಗೆ ತಂತಿ ಅಂಟಿಸಿದರು, ರಕ್ತ ತೆಗೆದರು, ಕೊನೆಗೆ ಬಿಸಿಲಿನ ಝಳ, ಜೊತೆಗೊಂದಿಷ್ಟು ಗ್ಯಾಸು ಎಂದು ಡಾಕ್ಟರು ನನ್ನ ಬೆನ್ನು ತಟ್ಟಿದರು. ಆಮೇಲೆ ಏನೋ ಸಹಿ ಬೇಕೆಂದು ನನ್ನಾಕೆಯನ್ನು ಒಳಗೆ ಕರೆದರು. ಒಂದು ಸಹಿಗೆ ಅವಳಿಗೆ ಬಹಳ ಹೊತ್ತು ಹಿಡಿಯಿತು. ಹೊರಗೆ ಬಂದಾಗ ಮುಖ ತೊಳೆದುಕೊಂಡಿದ್ದಳು. ಒಳಗೆ ಸೆಕೆ ಎಂದಳು. ಇರಬಹುದು ಎಂದುಕೊಂಡೆ.

ಆ ವಾರವೇ ನನ್ನ ಅತ್ತೆ ಪೆಟ್ಟಿಗೆ ಸಮೇತ ಬಂದಿಳಿದರು. ಅವರು ನಿವೃತ್ತ ಗಣಿತದ ಟೀಚರು. ಅಳಿಯನ ತಪ್ಪುಗಳನ್ನು ಕೂಡಿಸಿ ಗುಣಿಸಿ ಇಡುವುದರಲ್ಲಿ ಅವರದು ಎತ್ತಿದ ಕೈ, ಕಳೆಯುವ ಲೆಕ್ಕ ಮಾತ್ರ ಅವರಿಗೆ ಬಾರದು. ನನ್ನಾಕೆ ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ ಬಾಗಿಲು ಹಾಕಿದಳು. ಅಮ್ಮನ ಹೃದಯ ದೊಡ್ಡದಾಗಿದೆಯಂತೆ ಎಂದಳು. ನಾನು ನಂಬಲಿಲ್ಲ. ಇಷ್ಟು ವರ್ಷದಲ್ಲಿ ನನಗೆ ಅದರ ಒಂದು ಕುರುಹೂ ಸಿಕ್ಕಿರಲಿಲ್ಲ.

ಅದು ಗುಣವಲ್ಲ, ಕಾಯಿಲೆ ಎಂದು ಅವಳು ವಿವರಿಸಿದ ಮೇಲೆ ನನ್ನ ನಗು ನಿಂತಿತು. ಹಿಗ್ಗಿದ ಹೃದಯಕ್ಕೆ ರಕ್ತ ಒತ್ತುವ ಬಲ ಸಾಲದಂತೆ. ಉಪ್ಪು ಕೂಡದು, ನೀರನ್ನು ಅಳೆದು ಕುಡಿಯಬೇಕು, ಮೆಟ್ಟಿಲು ಹತ್ತಬಾರದು, ಉದ್ವೇಗವಂತೂ ಬೇಡವೇ ಬೇಡ. ಯಾವ ಗಳಿಗೆಗೆ ಏನೋ ಹೇಳಲಾಗದು ಎಂದಿದ್ದಾರೆ ಡಾಕ್ಟರು.

“ಅಮ್ಮನಿಗೆ ಗೊತ್ತಾಗ್ಬಾರ್ದು ರೀ,” ಎಂದಳು ನನ್ನಾಕೆ. “ಗೊತ್ತಾದ್ರೆ ಆ ಭಯಕ್ಕೇ ಹೋಗ್ಬಿಡ್ತಾರೆ. ಗ್ಯಾಸು ಅಂತ ಹೇಳಿದೀನಿ.”

ಹೀಗೆ ಹೇಳುವಾಗ ಅವಳು ನನ್ನ ಅಂಗಿಯ ಗುಂಡಿಯನ್ನು ಹಿಡಿದು ತಿರುಗಿಸುತ್ತಲೇ ಇದ್ದಳು. ಗುಂಡಿ ಕಿತ್ತು ಅವಳ ಕೈಗೆ ಬಂತು. ನಿನ್ನ ತಾಯಿಗಾಗಿ ಯಾವ ತ್ಯಾಗಕ್ಕೂ ಸಿದ್ಧ ಎಂದು ಮಾತು ಕೊಟ್ಟೆ. ಅವಳು ಆ ಮಾತಿಗಾಗಿಯೇ ಕಾದಿದ್ದವಳಂತೆ ಹೂಂ ಎಂದಳು.

ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಎಂದು ಗಾದೆ. ನಮ್ಮ ಮನೆಯಿಂದ ಉಪ್ಪು ಹೋಯಿತು, ತಾಯಿ ಬಂದರು (ಅವಳ ತಾಯಿ). ಒಬ್ಬರಿಗೇ ಸಪ್ಪೆ ಬಡಿಸಿದರೆ ಅನುಮಾನ ಬರುತ್ತದೆಂದು ಎಲ್ಲರಿಗೂ ಸಪ್ಪೆ. ನೀರನ್ನು ನಾನೇ ಇಲಾಖೆಯ ಅಳತೆಪಾತ್ರೆಯಲ್ಲಿ ಹನಿ ತಪ್ಪದಂತೆ ಅಳೆದು ಬೆಳಗ್ಗೆಯೇ ಎರಡು ಬಾಟಲಿಗೆ ತುಂಬುತ್ತಿದ್ದೆ, ಅತ್ತೆಗೊಂದು, ಜೊತೆಗಾರನಾದ ನನಗೊಂದು. ಒಬ್ಬರೇ ಮಾತ್ರೆ ನುಂಗಲು ಅತ್ತೆಗೆ ಬೇಸರವೆಂದು ನನಗೂ ಶಕ್ತಿಯ ಮಾತ್ರೆ ಶುರುವಾಯಿತು. ಅವರಿಗೆ ಒಂದಾದರೆ ನನಗೆ ಒಂದು ಹಿಡಿ. ಆಸ್ಪತ್ರೆಗೆ ಹೋದಾಗ ಅತ್ತೆಯ ಹೆದರಿಕೆ ಹೋಗಲೆಂದು ಡಾಕ್ಟರು ಮೊದಲು ನನ್ನನ್ನೇ ಮಲಗಿಸಿ, ಎದೆಗೆ ತಣ್ಣನೆಯ ಅಂಟು ಬಳಿದು, ಮಿಷಿನ್ನು ಆಡಿಸಿ ಆಡಿಸಿ ನೋಡಿದರು. ಅಷ್ಟು ಹೊತ್ತಿಗೆ ಆಸ್ಪತ್ರೆ ಮುಚ್ಚುವ ಸಮಯವಾಗಿ, ಅತ್ತೆಯದು ಮುಂದಿನ ಸಲ ನೋಡೋಣ ಎಂದರು. ಬೇಜವಾಬ್ದಾರಿ ಡಾಕ್ಟರು ಎಂದು ದಾರಿಯುದ್ದಕ್ಕೂ ಬೈದೆ. ಅತ್ತೆ, ಮಗಳು ಇಬ್ಬರೂ ಕಾರಿನ ಕಿಟಕಿಯಿಂದ ಹೊರಗೆ ನೋಡುತ್ತಿದ್ದರು.

ಆಫೀಸಿನಲ್ಲೂ ನನ್ನ ಮೇಲಧಿಕಾರಿಗೆ ಇದ್ದಕ್ಕಿದ್ದಂತೆ ನನ್ನ ಮೇಲೆ ಪ್ರೀತಿ ಉಕ್ಕಿತು. ಬಿಸಿಲಲ್ಲಿ ಅಲೆದದ್ದು ಸಾಕು, ಕೂತು ಕಾಗದ ನೋಡಿ ಎಂದರು. ನನ್ನ ಯೋಗ್ಯತೆಯನ್ನು ಕೊನೆಗೂ ಗುರುತಿಸಿದರಲ್ಲ ಎಂದು ಹಿಗ್ಗಿದೆ.

ಮನೆಯಲ್ಲಿ ನನ್ನ ಪಾಲಿಗೆ ಬಂದ ಅತಿ ಘನವಾದ ಹೊಣೆಯೆಂದರೆ ಅತ್ತೆಯ ಎದೆಗೆ ಒಗ್ಗುವ ಸಿನಿಮಾ ಆರಿಸುವುದು. ಸಾವು ಕೂಡದು, ರೋಗ ಕೂಡದು, ಹೊಡೆದಾಟ ಕೂಡದು, ಯಾರೂ ಕೆಮ್ಮಬಾರದು. ಮತ್ತು ನಾನು ಪರದೆಯ ಜೊತೆ ಜಗಳಕ್ಕೆ ನಿಲ್ಲಬಾರದು, ಅದರಿಂದ ಅಮ್ಮನ ಎದೆ ಹೊಡೆದುಕೊಳ್ಳುತ್ತದೆ ಎಂದಳು ನನ್ನಾಕೆ. ಹಳೆಯವನ್ನು ಜರಡಿ ಹಿಡಿದರೆ ಒಂದೂ ಉಳಿಯಲಿಲ್ಲ. ಹೊಸವನ್ನು ಜರಡಿ ಹಿಡಿದರೆ ಹೆಸರು ತೋರಿಸುವ ಭಾಗ ಮಾತ್ರ ಉಳಿಯಿತು. ಮಕ್ಕಳ ಸಿನಿಮಾ ಹಾಕಿದರೆ ಬಾತುಕೋಳಿ ಮರಿಯ ತಾಯಿ ಶುರುವಿನಲ್ಲೇ ಗುಂಡೇಟಿಗೆ ಸತ್ತಿತು. ಕೊನೆಗೆ ಮರದ ಕುರ್ಚಿ ಮಾಡುವುದು ಹೇಗೆ ಎಂಬ ಚಿತ್ರವನ್ನು ಸತತವಾಗಿ ನೋಡಿದೆವು. ಅದರಲ್ಲಿ ಯಾರೂ ಸಾಯುವುದಿಲ್ಲ, ಮರವೊಂದನ್ನು ಬಿಟ್ಟು.

ಪಾಪ, ಅತ್ತೆಗೆ ಇಷ್ಟವಾದವು ಸಾಯುವ ಸಿನಿಮಾಗಳೇ. ಕೂತು ಹೊಟ್ಟೆ ತುಂಬ ಅತ್ತು, ಮುಖ ಒರೆಸಿಕೊಂಡು, ಎಷ್ಟು ಚೆನ್ನಾಗಿ ತೆಗೆದಿದಾರೆ ಎಂದು ಎದ್ದು ಹೋಗುವವರು ಅವರು. ಯಾರೂ ಸಾಯದ ಮೇಲೆ ಅದೆಂಥ ಸಿನಿಮಾ ಎಂದು ಒಂದೆರಡು ಸಲ ಗೊಣಗಿದರು. ನಾನು ಕಟ್ಟುನಿಟ್ಟಾಗಿ ನಿರಾಕರಿಸಿದೆ. ಆಗಲಿ, ನಿಮ್ಮಿಷ್ಟದ ಹಾಗೆ ಎಂದರು. ಆ ಬಾಯಿಂದ ಆ ಮಾತು! ಕಾಯಿಲೆ ಮನುಷ್ಯರನ್ನು ಹೇಗೆ ಮೆತ್ತಗೆ ಮಾಡಿಬಿಡುತ್ತದೆ ಎಂದು ಮರುಗಿದೆ.

ಅನಾಹುತವಾದದ್ದು ಒಂದು ರಜೆಯ ದಿನ. ನನ್ನಾಕೆ ಔಷಧಿ ತರಲು ಹೋಗಿದ್ದಳು. ಹೊಸ ಸಿನಿಮಾ ಒಂದರ ಪೋಸ್ಟರಿನಲ್ಲಿ ಊಟದ ಮೇಜಿನ ಸುತ್ತ ಇಡೀ ಸಂಸಾರ ಹಲ್ಲು ಕಿಸಿಯುತ್ತಿತ್ತು, ಮೇಜಿನ ಕೆಳಗೆ ನಾಯಿ. ಇದಕ್ಕಿಂತ ನಿರುಪದ್ರವಿ ಸಿಕ್ಕೀತೇ ಎಂದು ಹಾಕಿದೆ. ಮೊದಲರ್ಧ ನಕ್ಕೆವು. ಎರಡನೆಯರ್ಧದಲ್ಲಿ ಅಪ್ಪ ಕುಸಿದುಬಿದ್ದ. ದಿನ ಎಣಿಸುವ ಕಾಯಿಲೆ. ಮಗಳು ಅಪ್ಪನಿಗೆ ಹೇಳದಂತೆ ಮನೆಮಂದಿಯನ್ನೆಲ್ಲ ಒಪ್ಪಿಸಿದಳು.

ನಿಲ್ಲಿಸಬೇಕಿತ್ತು. ಆದರೆ ನನ್ನೊಳಗಿನ ವಿಮರ್ಶಕ ಎದ್ದುಬಿಟ್ಟಿದ್ದ. ಈ ಅಪ್ಪನ ಪಾತ್ರ ಬರೆದವನಿಗೆ ಬುದ್ಧಿಯಿಲ್ಲ ಎಂದು ಅತ್ತೆಗೆ ವಿವರಿಸಿದೆ. ಮನೆಯವರೆಲ್ಲ ಬಾಗಿಲ ಹಿಂದೆ ಅಳುತ್ತಿದ್ದಾರೆ, ಬೈಯುತ್ತಿದ್ದವರೆಲ್ಲ ಒಮ್ಮೆಲೇ ಒಳ್ಳೆಯವರಾಗಿದ್ದಾರೆ, ನಾಯಿಗೂ ವಾಸನೆ ಹತ್ತಿದೆ, ಇವನಿಗೆ ಮಾತ್ರ ತಿಳಿಯುವುದಿಲ್ಲವಂತೆ. ಇಷ್ಟು ಪೆದ್ದ ಎಲ್ಲಾದರೂ ಇರುತ್ತಾನೆಯೇ? ಕೊನೆಯಲ್ಲಿ ಆ ಅಪ್ಪ, ಮಗಳಿಗೆ ನಾಳೆ ಹೇಳುತ್ತೇನೆ ಎಂದು ಏನೋ ಮಾತು ಉಳಿಸಿಕೊಂಡು ಮಲಗಿದವನು ಏಳಲೇ ಇಲ್ಲ.

ಆ ಮಾತು ನನ್ನ ಎದೆಯಲ್ಲಿ ನಾಟಿತು. ಪಕ್ಕದಲ್ಲಿ ಅತ್ತೆ ಬಿಕ್ಕುತ್ತಿದ್ದರು. ಈ ಹೆಂಗಸಿಗೂ ಯಾರಿಗೋ ಏನೋ ಹೇಳುವುದಿರಬಹುದು, ಅದನ್ನು ಕಸಿಯಲು ನಾವು ಯಾರು? ಇದು ತೂಕದಲ್ಲಿ ಮಾಡುವ ಮೋಸಕ್ಕಿಂತ ದೊಡ್ಡ ಮೋಸ. ನಾನು ಟೀವಿ ಆರಿಸಿ, ಗಂಟಲು ಸರಿ ಮಾಡಿಕೊಂಡು, ಅವರ ಎದುರಿಗೆ ನಿಂತೆ.

“ಅತ್ತೆ, ಧೈರ್ಯ ಮಾಡ್ಕೊಳ್ಳಿ. ನಿಮ್ಮ ಮಗಳು ನಿಮಗೆ ಹೇಳಿದ್ದು ಸುಳ್ಳು. ಅದು ಗ್ಯಾಸಲ್ಲ, ಹೃದಯ. ಯಾವಾಗ ಏನಾಗತ್ತೋ ಹೇಳಕ್ಕಾಗಲ್ಲ ಅಂದಿದಾರೆ ಡಾಕ್ಟ್ರು.”

ಅತ್ತೆ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅಳತೊಡಗಿದರು. ನಾನು ಸಾಂತ್ವನದ ಭಂಡಾರವನ್ನೇ ತೆರೆದೆ. ಹುಟ್ಟಿದವರೆಲ್ಲ ಹೋಗುವವರೇ, ಒಬ್ಬರು ಮುಂದೆ ಒಬ್ಬರು ಹಿಂದೆ ಎಂದೆ. ನಿಮ್ಮದು ತುಂಬು ಜೀವನ ಎಂದೆ. ಉಳಿದವರ ಚಿಂತೆ ಬಿಡಿ, ಅವರು ಹೇಗೋ ಅಳುತ್ತಾರೆ, ಆಮೇಲೆ ಊಟ ಮಾಡುತ್ತಾರೆ, ಆಮೇಲೆ ಮರೆಯುತ್ತಾರೆ ಎಂದೆ. ನಾನು ಒಂದೊಂದು ಹೇಳಿದಂತೆಲ್ಲ ಅವರ ಅಳು ಏರಿತು. ಅಷ್ಟು ಮಾತಾಡುವಷ್ಟರಲ್ಲಿ ನನಗೇ ಉಸಿರು ಕಟ್ಟಿದಂತಾಗಿ ಕುರ್ಚಿಗೆ ಕುಸಿದೆ. ಅತ್ತೆ ಕೈ ತೆಗೆದು ನನ್ನನ್ನು ನೋಡಿದರು.

“ಅಳಿಯಂದ್ರೇ,” ಎಂದರು ಮೆಲ್ಲಗೆ, “ನಿಮ್ಮ ಕಾಲು ನೋಡ್ಕೊಂಡಿದೀರಾ?”

ನೋಡಿಕೊಂಡೆ. ಊದಿದ್ದವು. ಎಷ್ಟೋ ದಿನದಿಂದ ಬೂಟು ಹಿಡಿಯದೆ ಬೂಟಿನಂಗಡಿಯವನಿಗೆ ಅಳತೆ ಬಾರದೆಂದು ನೋಟೀಸು ಕೊಡುವ ಯೋಚನೆಯಲ್ಲಿದ್ದೆ.

“ನನ್ನ ಎದೆ ಗಟ್ಟಿಯಾಗಿದೆ,” ಎಂದರು ಅತ್ತೆ. “ನಾನು ತಗೊಳ್ಳೋದು ಮೊಣಕಾಲು ನೋವಿನ ಮಾತ್ರೆ. ನಿಮ್ಮ ಜೊತೆಗೆ ಒಬ್ರು ಸಪ್ಪೆ ತಿನ್ನೋರು ಬೇಕು ಅಂತ ನನ್ನ ಕರೆಸಿದ್ಲು.”

ನನಗೆ ಹೆದರಿಕೆಯಾಯಿತು. ಅದಕ್ಕೆ ಬೇರೆ ದೊಡ್ಡ ಹೆಸರು ಬೇಡ. ಇನ್ನೂ ಐವತ್ತು ದಾಟಿಲ್ಲವಲ್ಲ ಎಂದು ಮನಸ್ಸು ಹೇಳಿತು. ಎಂದೂ ನನ್ನನ್ನು ಮುಟ್ಟದ ಅತ್ತೆ ಬಂದು ನನ್ನ ಕೈ ಹಿಡಿದುಕೊಂಡು ಕೂತರು. ನನಗಾಗಿ ಉಪ್ಪು ಬಿಟ್ಟವರು, ಬಾಯಾರಿಕೆ ತಡೆದವರು, ಕುರ್ಚಿ ಮಾಡುವುದನ್ನು ನೋಡಿದವರು. ಮಗಳಿಗೆ ಹೇಳಬೇಡಿ ಎಂದು ಬೇಡಿಕೊಂಡರು. ನಿಮ್ಮೆದುರು ನಗುವುದೊಂದೇ ಅವಳಿಗೆ ಉಳಿದಿರುವ ಕೆಲಸ, ಅದನ್ನೂ ಕಿತ್ತುಕೊಂಡರೆ ಅವಳು ಉಳಿಯುವುದಿಲ್ಲ ಎಂದರು. ಒಪ್ಪಿದೆ. ಏನೂ ಗೊತ್ತಿಲ್ಲದವನಂತೆ ನಟಿಸುವುದೇನು ಮಹಾ ಕಷ್ಟ, ಇಷ್ಟು ದಿನ ತಾಲೀಮಿಲ್ಲದೆಯೇ ಮಾಡಿದ್ದೇನಲ್ಲ.

ಸಂಜೆ ನನ್ನಾಕೆ ಬಂದಳು. ಔಷಧಿಯ ಚೀಲವನ್ನು ಒಳಗಿಟ್ಟು ತಾನೇ ಹುಡುಕಿ ಒಂದು ತಮಾಷೆಯ ಸಿನಿಮಾ ಹಾಕಿದಳು. ಬಣ್ಣ ಬಳಿಯುವ ದಪ್ಪನೆಯವನೊಬ್ಬ ಏಣಿಯಿಂದ ಬಣ್ಣದ ಡಬ್ಬಿಯೊಳಕ್ಕೆ ಬೀಳುತ್ತಿದ್ದ, ಏಳುತ್ತಿದ್ದ, ಮತ್ತೆ ಬೀಳುತ್ತಿದ್ದ. ನನ್ನಾಕೆ ಜೋರಾಗಿ ನಗುತ್ತಿದ್ದಳು. ಅವನು ಬೀಳುವುದಕ್ಕೆ ಮೊದಲೇ ಅವಳು ನಗುತ್ತಾಳೆ ಎಂಬುದು ನನಗೆ ಅವತ್ತೇ ಕಂಡದ್ದು. ಅವಳ ಕಣ್ಣು ಪರದೆಯ ಮೇಲೆ ಇರಲೇ ಇಲ್ಲ.

“ಹೇಗಿದೆ ರೀ?” ಎಂದಳು.

“ಚೆನ್ನಾಗಿದೆ,” ಎಂದೆ.

ಮದುವೆಯಾದಂದಿನಿಂದ ಯಾವ ಸಿನಿಮಾದ ಬಗ್ಗೆಯೂ ಅವಳು ನನ್ನ ಬಾಯಿಂದ ಕೇಳಿರದ ಮಾತು ಅದು. ಅವಳ ನಗು ನಿಂತಿತು. ಟೀವಿ ಆರಿಸಿ ತಾಯಿಯ ಕಡೆ ತಿರುಗಿದಳು.

“ಅಮ್ಮಾ, ಹೇಳ್ಬಿಟ್ಯಾ?”

ಸಾವಿರ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿದ ಅತ್ತೆ ನೆಲ ನೋಡಿದರು. ನನ್ನಾಕೆ ಅತ್ತಳು. ಇಷ್ಟು ದಿನದ್ದೆಲ್ಲ ಸೇರಿಸಿ, ಮುಖ ಮುಚ್ಚಿಕೊಳ್ಳದೆ, ಸದ್ದು ಮಾಡಿ ಅತ್ತಳು. ನಾನು ಎದ್ದು ಅವಳ ಹತ್ತಿರ ಹೋದೆ. ಸಮಾಧಾನದ ಮಾತುಗಳೆಲ್ಲ ಮಧ್ಯಾಹ್ನವೇ ಖರ್ಚಾಗಿದ್ದವು. ಎಲ್ಲ ಗಂಡಂದಿರೂ ಹೇಳುವ ಒಂದೇ ಒಂದು ಉಳಿದಿತ್ತು, ಅದನ್ನೇ ಹೇಳಿದೆ.

“ಅಳಬೇಡ ಕಣೇ, ನಾನಿದೀನಲ್ಲ.”

ಅವಳು ಇನ್ನೂ ಜೋರಾಗಿ ಅತ್ತಳು. ಅಳುತ್ತಲೇ ನನ್ನ ತೋಳು ಹಿಡಿದು ಸೋಫಾದ ಕಡೆಗೆ ತಳ್ಳಿದಳು.

“ನೀವು ಮೊದ್ಲು ಕೂತ್ಕೊಳ್ಳಿ. ನಿಂತ್ಕೊಂಡು ಮಾತಾಡ್ಬೇಡಿ, ಆಯಾಸ ಆಗತ್ತೆ.”

ಕೂತೆ.